ತೊಡೆಯ ಮೇಲೆ ತಾಳ, ಎದುರಿಗೆ ಮೂರು ಡ್ರಮ್

2019ರ ಜೂನ್ 18, 19 ಮತ್ತು 20ರಂದು ಕಿಂಗ್ ಕ್ರಿಮ್ಸನ್ ಎಂಬ ಬ್ರಿಟಿಷ್ ರಾಕ್ ತಂಡ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸತತ ಮೂರು ರಾತ್ರಿ ನುಡಿಸಿತು. ತಂಡಕ್ಕೆ ಐವತ್ತು ತುಂಬಿದ ವರ್ಷ ಅದು. ಅದರಲ್ಲಿ ಒಂದು ರಾತ್ರಿಯ ಟಿಕೆಟ್ ನನ್ನ ಬಳಿ ಇತ್ತು. ಕಚೇರಿಯ ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ರಾಕ್ ಕಾರ್ಯಕ್ರಮಕ್ಕೆ ಹೋಗಿ ಮೂರು ಗಂಟೆ ಕುರ್ಚಿಯಲ್ಲಿ ಕುಳಿತಿರುತ್ತೀಯಾ?"

ಹೌದು, ಕುಳಿತಿರುತ್ತೇನೆ. ಕುಳಿತು ಕೇಳುವುದು ನನಗೆ ಹೊಸದಲ್ಲ. ನಾನು ಬೆಳೆದದ್ದು ಮೈಸೂರಿನಲ್ಲಿ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಸಂಗೀತೋತ್ಸವಕ್ಕೆ ಅಪ್ಪ ಪ್ರತಿ ವರ್ಷ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ರಸ್ತೆಗೆ ಹಾಕಿದ ಚಪ್ಪರದ ಕೆಳಗೆ ಕುಳಿತ ಜನ ಬಲ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುವುದನ್ನು ನಾನು ಓದು ಬರಹ ಬರುವ ಮೊದಲೇ ನೋಡಿದ್ದೆ. ಮುಂದೆ ಆರು ವರ್ಷ ಮೃದಂಗ ಕಲಿತೆ. ವೇದಿಕೆ ಹತ್ತುವಷ್ಟು ದೂರ ಹೋಗಲಿಲ್ಲ, ಆದರೆ ಎಣಿಕೆ ಮೈಗೆ ಅಂಟಿತು. ಕಾಲೇಜಿನಲ್ಲಿ ಯಾರೋ ಕೊಟ್ಟ ಕ್ಯಾಸೆಟ್ಟಿನಲ್ಲಿ ಕಿಂಗ್ ಕ್ರಿಮ್ಸನ್ ಮೊದಲ ಸಲ ಕಿವಿಗೆ ಬಿದ್ದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಿಟಾರ್ ಅಲ್ಲ, ಕೈ. ನನ್ನದೇ ಕೈ ತೊಡೆಯ ಮೇಲೆ ಐದು ಎಣಿಸುತ್ತಿತ್ತು, ಆಮೇಲೆ ಏಳು. ನಾಲ್ಕಕ್ಕೆ ಜಗ್ಗದ ರಾಕ್ ಸಂಗೀತವೂ ಇದೆ ಎಂದು ಅವತ್ತು ಗೊತ್ತಾಯಿತು.

ಸೀಟಿನ ವಿಷಯವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅದರಲ್ಲಿ ಒಮ್ಮೆ ನಾನು ಪೆಟ್ಟು ತಿಂದಿದ್ದೆ. ಹಿಂದಿನ ವರ್ಷ ಬೇರೊಂದು ಊರಿನ ಹಳೆಯ ಥಿಯೇಟರಿನಲ್ಲಿ ಬೇರೊಂದು ತಂಡವನ್ನು ಕೇಳಲು ಹೋಗಿದ್ದೆ. ನೆಲಮಹಡಿಯಲ್ಲಿ, ಹಿಂದಿನ ಸಾಲಿನಲ್ಲಿ, ಬಾಲ್ಕನಿಯ ಅಡಿಯಲ್ಲಿ ಸೀಟು. ತಲೆಯ ಮೇಲೆ ಸೂರು ಎಷ್ಟು ತಗ್ಗಾಗಿತ್ತೆಂದರೆ ಸಂಗೀತವೆಲ್ಲ ಕಿಟಕಿಯ ಸಂದಿಯಿಂದ ತೂರಿ ಬಂದಂತೆ ಕೇಳಿಸುತ್ತಿತ್ತು. ಬೇಸ್ ಗಿಟಾರಿನ ಗುದ್ದು ಮಾತ್ರ ಎದೆಗೆ ಬಡಿಯುತ್ತಿತ್ತು, ಸಿಂಬಲ್‌ಗಳ ಮಿನುಗು ಎಲ್ಲೋ ಕಳೆದುಹೋಗಿತ್ತು. ಸಾಲದ್ದಕ್ಕೆ ಮುಂದಿನ ಸಾಲಿನವರು ಮೊದಲ ಹಾಡಿಗೇ ಎದ್ದು ನಿಂತರು. ಅವರ ಹಿಂದಿನವರು ನಿಂತರು, ಅವರ ಹಿಂದಿನವರೂ ನಿಂತರು. ಕೊನೆಗೆ ಕುರ್ಚಿಗಳೆಲ್ಲ ಖಾಲಿ, ಜನರೆಲ್ಲ ನಿಂತವರು, ನನಗೆ ಕಂಡದ್ದು ಒಬ್ಬರ ಕೋಟಿನ ಬೆನ್ನು. ಅವತ್ತೇ ಎರಡು ನಿಯಮ ಮಾಡಿಕೊಂಡೆ. ಬಾಲ್ಕನಿಯ ಅಡಿ ಕೂರಬಾರದು. ಮುಂದಿನವರು ಎದ್ದರೂ ನೋಟಕ್ಕೆ ಅಡ್ಡಿಯಾಗದಂಥ ಕಡಿದಾದ ಮೆಟ್ಟಿಲುಸಾಲಿನ ಮೇಲೆಯೇ ಜಾಗ ಹಿಡಿಯಬೇಕು.

ರಾಯಲ್ ಆಲ್ಬರ್ಟ್ ಹಾಲ್ ಮೊಟ್ಟೆಯಾಕಾರದ ಕಟ್ಟಡ. ನಡುವೆ ಅರೀನಾ, ಸುತ್ತ ಸ್ಟಾಲ್ಸ್, ಅದರ ಮೇಲೆ ಮೂರು ಸುತ್ತು ಬಾಕ್ಸ್‌ಗಳು, ಅದರ ಮೇಲೆ ಸರ್ಕಲ್, ಎಲ್ಲಕ್ಕಿಂತ ಮೇಲೆ ಗ್ಯಾಲರಿ. ಟಿಕೆಟ್ ಮಾರಾಟ ಶುರುವಾದ ಬೆಳಿಗ್ಗೆ ನನ್ನ ಮುಂದೆ ಒಂದು ಕಾಗದವಿತ್ತು. ತಂಡ ವೇದಿಕೆಯ ಮೇಲೆ ಹೇಗೆ ಕೂರುತ್ತದೆ ಎಂಬುದನ್ನು ಅದರಲ್ಲಿ ಬರೆದಿಟ್ಟುಕೊಂಡಿದ್ದೆ. ಸಾಮಾನ್ಯವಾಗಿ ಡ್ರಮ್ಮರ್ ಎಲ್ಲರ ಹಿಂದೆ ಇರುತ್ತಾನೆ. ಇಲ್ಲಿ ಹಾಗಲ್ಲ. ಪ್ಯಾಟ್ ಮಾಸ್ಟೆಲೊಟ್ಟೊ, ಜೆರೆಮಿ ಸ್ಟೇಸಿ, ಗ್ಯಾವಿನ್ ಹ್ಯಾರಿಸನ್ ಮೂವರ ಡ್ರಮ್‌ಗಳೂ ವೇದಿಕೆಯ ಮುಂಚೂಣಿಯಲ್ಲಿ, ಅವರ ಹಿಂದೆ ಎತ್ತರದ ಜಗಲಿಯ ಮೇಲೆ ಉಳಿದ ನಾಲ್ವರು: ಸ್ಯಾಕ್ಸೊಫೋನ್ ಮತ್ತು ಕೊಳಲಿನ ಮೆಲ್ ಕಾಲಿನ್ಸ್, ಬೇಸ್ ಗಿಟಾರಿನ ಟೋನಿ ಲೆವಿನ್, ಹಾಡುತ್ತಾ ಗಿಟಾರ್ ನುಡಿಸುವ ಜಾಕೊ ಜಾಕ್ಸಿಕ್, ಗಿಟಾರಿನ ರಾಬರ್ಟ್ ಫ್ರಿಪ್. 1969ರಿಂದ ತಂಡದಲ್ಲಿ ಉಳಿದುಕೊಂಡ ಒಬ್ಬನೇ ಒಬ್ಬ ಸದಸ್ಯ ಫ್ರಿಪ್. ಅವರು ನೋಡುಗರ ಬಲತುದಿಯಲ್ಲಿ ಕೂರುತ್ತಿದ್ದರು, ಅದೂ ನಮ್ಮ ಕಡೆ ಮುಖ ಮಾಡಿ ಅಲ್ಲ, ತಂಡದ ಕಡೆ ಮುಖ ಮಾಡಿ. ಹಾಗಾಗಿ ಎಡಬದಿಯಲ್ಲಿ ಕುಳಿತರೆ ಫ್ರಿಪ್ ಅವರ ಎರಡೂ ಕೈಗಳು ಕಾಣುತ್ತಿದ್ದವು. ಎತ್ತರದಲ್ಲಿ ಕುಳಿತರೆ ಮೂರು ಡ್ರಮ್‌ಗಳ ಮೇಲಿನ ಆರು ಕೈಗಳು ಕಾಣುತ್ತಿದ್ದವು. ಸರ್ಕಲ್‌ನ ಎಡಬದಿ, ಎರಡನೇ ಸಾಲು. ಆ ಸೀಟು ಸಿಕ್ಕಾಗ ಆದ ಸಂತೋಷ ದಸರೆಗೆ ಅರಮನೆಯ ಎದುರು ಜಾಗ ಸಿಕ್ಕಂಥದ್ದು.

ಆ ದಿನ ಮಧ್ಯಾಹ್ನವೇ ರೈಲು ಹಿಡಿದು ಹೊರಟೆ. ಸೌತ್ ಕೆನ್ಸಿಂಗ್ಟನ್ ನಿಲ್ದಾಣದಲ್ಲಿ ಇಳಿದು ನಡೆದರೆ ಹಾಲ್ ಹದಿನೈದು ನಿಮಿಷದ ದಾರಿ. ಬೇಗ ಬಂದದ್ದಕ್ಕೆ ಕಾರಣವಿತ್ತು. ಹಾಲ್‌ನ ಎದುರಿನ ಉದ್ಯಾನಕ್ಕೆ ತಾಗಿಕೊಂಡೇ ಹೈಡ್ ಪಾರ್ಕ್ ಇದೆ. 1969ರ ಜುಲೈ 5ರಂದು ಅಲ್ಲಿ ರೋಲಿಂಗ್ ಸ್ಟೋನ್ಸ್ ನಡೆಸಿದ ಉಚಿತ ಕಾರ್ಯಕ್ರಮದಲ್ಲಿ ಕಿಂಗ್ ಕ್ರಿಮ್ಸನ್ ಕೂಡ ನುಡಿಸಿತ್ತು. ಆಗ ತಂಡಕ್ಕೆ ಇನ್ನೂ ಒಂದು ಆಲ್ಬಮ್ ಕೂಡ ಇರಲಿಲ್ಲ. ಹುಲ್ಲಿನ ಮೇಲೆ ಲಕ್ಷಗಟ್ಟಲೆ ಜನರ ಎದುರು ಆರಂಭವಾದದ್ದು ಐವತ್ತು ವರ್ಷಗಳ ನಂತರ ಪಕ್ಕದ ಕಟ್ಟಡದೊಳಗೆ, ಸಾಲು ಸಾಲು ಕುರ್ಚಿಗಳ ಎದುರು ಬಂದು ನಿಂತಿತ್ತು. ಆ ಹುಲ್ಲಿನ ಮೇಲೆ ಒಮ್ಮೆ ನಡೆಯಬೇಕು ಅನಿಸಿತ್ತು, ನಡೆದೆ.

ಆಮೇಲೆ ಆಲ್ಬರ್ಟ್ ಸ್ಮಾರಕದ ಹತ್ತಿರ ಬೆಂಚಿನ ಮೇಲೆ ಕುಳಿತು ಡಬ್ಬಿ ಬಿಚ್ಚಿದೆ. ಚಿತ್ರಾನ್ನ ತಂದಿದ್ದೆ. ಸ್ಮಾರಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಖಂಡಗಳ ಶಿಲ್ಪಗಳಿವೆ, ಏಷ್ಯಾದ ಶಿಲ್ಪದಲ್ಲಿ ಮಂಡಿಯೂರಿದ ಆನೆ. ಮೈಸೂರಿನವನಿಗೆ ಅಷ್ಟು ಸಾಕು. ಹೊಟ್ಟೆಗೆ ಹಿತಮಿತವಾಗಿ ತಿಂದು, ನೀರನ್ನು ಅಳೆದು ಕುಡಿದು ಒಳಗೆ ಹೋಗುವುದು ನನ್ನ ರೂಢಿ. ಕಾರ್ಯಕ್ರಮದ ನಡುವೆ ಎದ್ದು ಹತ್ತು ಜನರ ಮೊಣಕಾಲು ದಾಟಿಕೊಂಡು ಹೋಗುವುದು ಕೇಳುಗನಾಗಿ ನಾನು ಮಾಡಬಾರದ ಕೆಲಸ ಎಂದು ನಂಬಿದ್ದೇನೆ. ಸಂಗೀತ ಕಛೇರಿಯಲ್ಲಿ ಲಯವಾದ್ಯಗಳಷ್ಟೇ ನುಡಿಸುವ ತನಿ ಆವರ್ತನ ಶುರುವಾದೊಡನೆ ಕಾಫಿಗೆ ಎದ್ದು ಹೋಗುವವರನ್ನು ಕಂಡರೆ ಅಪ್ಪನಿಗೆ ಆಗುತ್ತಿದ್ದ ನೋವು ನನಗೆ ಚೆನ್ನಾಗಿ ನೆನಪಿದೆ.

ಕಿವಿಯ ವಿಷಯವೂ ಮುಖ್ಯ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬಂದರೆ ಉಳಿಯುವುದು ಕೇವಲ 15 ನಿಮಿಷ. ಸ್ಪಂಜಿನ ಕಿವಿಮುಚ್ಚಳ ಅಗ್ಗ, ಆದರೆ ಅದು ಮೇಲಿನ ಸ್ವರಗಳನ್ನು ಹೆಚ್ಚಾಗಿ ನುಂಗಿಬಿಡುತ್ತದೆ, ಸಂಗೀತ ಕಂಬಳಿ ಹೊದ್ದುಕೊಂಡಂತಾಗುತ್ತದೆ. ಸಂಗೀತಗಾರರು ಬಳಸುವ, ಒಳಗೆ ಶೋಧಕ ಇರುವ ಬಗೆಯದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ನನ್ನದು ಎರಡನೆಯದು. ಜೋರು ಭಾಗಗಳಲ್ಲಿ ಹಾಕಿಕೊಂಡೆ, ಮೆಲ್ ಕಾಲಿನ್ಸ್ ಕೊಳಲು ಎತ್ತಿಕೊಂಡಾಗ ತೆಗೆದೆ.

ಒಳಗೆ ಹೋದವರೆಲ್ಲ ಮೊದಲು ತಲೆ ಎತ್ತಿ ನೋಡುತ್ತಾರೆ. ಗುಮ್ಮಟದ ಕೆಳಗೆ ದೊಡ್ಡ ಅಣಬೆಗಳಂಥ ಫೈಬರ್‌ಗ್ಲಾಸ್ ಬಿಲ್ಲೆಗಳು ತೂಗುತ್ತಿರುತ್ತವೆ. 1871ರಲ್ಲಿ ಹಾಲ್ ಉದ್ಘಾಟನೆಯಾದಾಗಲೇ ಪ್ರತಿಧ್ವನಿಯ ತೊಂದರೆ ಗೊತ್ತಾಗಿತ್ತು. ನುಡಿಸಿದ್ದು ಗುಮ್ಮಟಕ್ಕೆ ತಾಗಿ, ತಡವಾಗಿ ಮತ್ತೊಮ್ಮೆ ಕೆಳಗೆ ಬರುತ್ತಿತ್ತು. ಲಯವಾದ್ಯಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಒಂದು ಪೆಟ್ಟು ಎರಡಾಗಿ ಕೇಳಿದರೆ ಎಣಿಕೆಯೇ ಕೆಡುತ್ತದೆ. ಈ ಅಣಬೆಗಳನ್ನು ತೂಗುಹಾಕಿ ಆ ಪ್ರತಿಧ್ವನಿಯನ್ನು ಚದುರಿಸಿದ್ದು 1969ರಲ್ಲಿ. ಅಂದರೆ ತಂಡ ಹುಟ್ಟಿದ ವರ್ಷವೇ ಈ ಹಾಲ್ ಅವರಿಗಾಗಿ ಸಿದ್ಧವಾಯಿತು ಎಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಆಧಾರವೇನೂ ಬೇಕಿರಲಿಲ್ಲ.

ಫೋಟೊ ತೆಗೆಯಬಾರದು, ಚಿತ್ರೀಕರಿಸಬಾರದು ಎಂಬ ಸೂಚನೆ ಎಲ್ಲೆಡೆ ಇತ್ತು, ಆರಂಭಕ್ಕೆ ಮೊದಲು ಅದನ್ನೇ ಧ್ವನಿಯಲ್ಲೂ ಹೇಳಿದರು. ಒಂದೇ ವಿನಾಯಿತಿ: ಕೊನೆಯಲ್ಲಿ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿಕೊಂಡಾಗ ನೀವೂ ಎತ್ತಿಕೊಳ್ಳಬಹುದು. ಈ ನಿಯಮದ ಬಗ್ಗೆ ಗೊಣಗುವವರಿದ್ದಾರೆ. ನಾನು ಪೂರ್ಣವಾಗಿ ಅದರ ಪರ. ಐದು ಸಾವಿರ ಜನರ ಹಾಲ್‌ನಲ್ಲಿ ಒಂದೂ ಪರದೆ ಬೆಳಗದೆ ಇದ್ದದ್ದನ್ನು ಆ ರಾತ್ರಿ ನೋಡಿದೆ. ಕತ್ತಲಲ್ಲಿ ಬೆಳಗುವ ಮೊಬೈಲ್ ಅದನ್ನು ಹಿಡಿದವನ ಕಣ್ಣಿಗಷ್ಟೇ ಅಲ್ಲ, ಹಿಂದೆ ಕುಳಿತ ಇಪ್ಪತ್ತು ಜನರ ಕಣ್ಣಿಗೂ ಬೀಳುತ್ತದೆ.

ಏಳು ಜನ ಕೋಟು, ಟೈ ಧರಿಸಿ ಬಂದರು. ಬೆಳಕಿನಲ್ಲಿ ಯಾವ ಆಟವೂ ಇಲ್ಲ, ಹೊಗೆ ಇಲ್ಲ, ಹಿಂದೆ ಪರದೆ ಇಲ್ಲ. ವೇದಿಕೆಯ ಮೇಲೆ ಬಿಳಿ ಬೆಳಕು ಅಲುಗದೆ ನಿಂತಿತ್ತು. ಫ್ರಿಪ್ ಸ್ಟೂಲಿನ ಮೇಲೆ ಕುಳಿತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ನುಡಿಸುವವರೇ ಕುಳಿತಿರುವಾಗ ಕೇಳುವವರು ಕುಳಿತರೆ ತಪ್ಪೇನು ಎಂದು ಗೆಳೆಯನಿಗೆ ಹೇಳಬೇಕು ಅನಿಸಿತು.

ಮೂವರು ಡ್ರಮ್ಮರ್‌ಗಳು ಮಾತ್ರ ನುಡಿಸಿದ ಭಾಗವನ್ನು ಹೇಗೆ ಹೇಳಲಿ? ಮೂವರೂ ಒಂದೇ ಪೆಟ್ಟನ್ನು ಒಟ್ಟಿಗೆ ಬಾರಿಸುವುದಿಲ್ಲ. ಒಬ್ಬರು ಅರ್ಧ ವಾಕ್ಯ ಹೇಳುತ್ತಾರೆ, ಮತ್ತೊಬ್ಬರು ಮುಂದುವರಿಸುತ್ತಾರೆ, ಮೂರನೆಯವರು ಪೂರ್ಣವಿರಾಮ ಹಾಕುತ್ತಾರೆ. ಮೇಲಿನಿಂದ ನೋಡುವಾಗ ಪೆಟ್ಟು ಎಡದಿಂದ ಬಲಕ್ಕೆ ಉರುಳಿಕೊಂಡು ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ಮೃದಂಗ, ಘಟ, ಖಂಜಿರ ಸರದಿಯಂತೆ ನುಡಿಸಿ, ಸರದಿಗಳು ಚಿಕ್ಕದಾಗುತ್ತಾ ಆಗುತ್ತಾ ಕೊನೆಗೆ ಒಂದೊಂದೇ ಸೊಲ್ಲನ್ನು ಕೈಯಿಂದ ಕೈಗೆ ದಾಟಿಸುವ ಘಳಿಗೆ ಇದೆಯಲ್ಲ, ಅದು. ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ತನಿಯ ಎಷ್ಟೋ ಭಾಗ ಆ ಕ್ಷಣದ ಮನೋಧರ್ಮ. ಇವರದು ಬಹುಪಾಲು ಮೊದಲೇ ಕೂಡಿಸಿದ ಲೆಕ್ಕದಂತೆ ಕೇಳಿಸಿತು. ಲೆಕ್ಕ ಗೊತ್ತಿದ್ದೂ ಅದು ಪ್ರತಿ ಸಲ ಜೀವಂತವಾಗಿ ಬರಬೇಕಾದರೆ ಎಷ್ಟು ಅಭ್ಯಾಸ ಬೇಕು ಎಂಬುದು ತನಿಯನ್ನು ಮುಗಿಸುವ ಲೆಕ್ಕವಾದ ಮುಕ್ತಾಯವನ್ನು ಸಾವಿರ ಸಲ ಬಾಯಿಪಾಠ ಹೇಳಿದವನಿಗೆ ಗೊತ್ತು.

ಮಧ್ಯಂತರದಲ್ಲಿ ಪಕ್ಕದ ಸೀಟಿನ ಮಹಿಳೆ ನನ್ನ ಕೈ ತೋರಿಸಿ ಕೇಳಿದರು, "ನೀವು ಎಣಿಸುತ್ತಿದ್ದಿರಾ?" ಅವರಿಗೆ ಅರವತ್ತು ದಾಟಿರಬೇಕು. ತಾಳ ಹಾಕುವುದನ್ನು ತೋರಿಸಿದೆ: ಒಂದು ಪೆಟ್ಟು, ಕಿರುಬೆರಳಿನಿಂದ ಶುರುಮಾಡಿ ಬೆರಳೆಣಿಕೆ, ಮತ್ತೆ ಪೆಟ್ಟು, ಕೈ ತಿರುವು. ಏಳಕ್ಕೆ ಮಿಶ್ರ, ಐದಕ್ಕೆ ಖಂಡ ಎಂದು ಹೆಸರು ಹೇಳಿದೆ. ಅವರು ಎರಡೂ ಹೆಸರುಗಳನ್ನು ನಿಧಾನವಾಗಿ ಉಚ್ಚರಿಸಿ ನೋಡಿದರು. ಈ ತಂಡವನ್ನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದರೂ ಎಣಿಸುವ ದಾರಿ ಯಾರೂ ತೋರಿಸಿರಲಿಲ್ಲ ಎಂದರು.

ಎರಡನೇ ಭಾಗದ ಕೊನೆಯ ಹೊತ್ತಿಗೆ ಬಂದ ಕೃತಿ 1974ರದ್ದು. ಹಾಡುವ ಭಾಗ ಮುಗಿದ ಮೇಲೆ ಅದರ ನಡುಭಾಗದಲ್ಲಿ ಬೇಸ್ ಗಿಟಾರ್ ಹದಿಮೂರು ಎಣಿಕೆಯ ಒಂದು ಸುತ್ತನ್ನು ಹಿಡಿಯುತ್ತದೆ. ಅದರ ಮೇಲೆ ಗಿಟಾರ್ ಒಂದೇ ಸ್ವರವನ್ನು ಪಟ್ಟು ಬಿಡದೆ ಮೀಟುತ್ತಾ, ಬಹಳ ಹೊತ್ತಿನ ಮೇಲೆ ಒಂದು ಮೆಟ್ಟಿಲು ಏರುತ್ತದೆ. ಹದಿಮೂರು ನಮಗೆ ಅಪರಿಚಿತವಲ್ಲ. ಕರ್ನಾಟಕ ಸಂಗೀತದ ಮೂವತ್ತೈದು ತಾಳಗಳ ಪಟ್ಟಿಯಲ್ಲಿ ಸಂಕೀರ್ಣ ಜಾತಿ ತ್ರಿಪುಟ ಇದೆ: ಒಂಬತ್ತು ಎಣಿಕೆಯ ಲಘು, ಎರಡೆರಡು ಎಣಿಕೆಯ ಎರಡು ದ್ರುತ, ಒಟ್ಟು ಹದಿಮೂರು ಅಕ್ಷರ. ಆದರೆ ಈ ಸುತ್ತಿಗೆ ಅದು ಕೂರಲಿಲ್ಲ, ಬೇಸ್ ಬೇರೆ ಕಡೆ ಉಸಿರು ತೆಗೆದುಕೊಳ್ಳುತ್ತಿತ್ತು. ನಾಲ್ಕು, ನಾಲ್ಕು, ಐದು ಎಂದು ಬಿಡಿಸಿಕೊಂಡೆ, ಕೈ ನೆಲೆಗೊಂಡಿತು. ಪಕ್ಕದಲ್ಲಿ ನೋಡಿದರೆ ಆ ಮಹಿಳೆಯ ಬೆರಳುಗಳೂ ಸೀಟಿನ ತೋಳಿನ ಮೇಲೆ ಓಡುತ್ತಿದ್ದವು. ಮೊದಲ ಕೆಲವು ಸುತ್ತು ತಪ್ಪಿದರು. ನಾನು ಪ್ರತಿ ಸಮಕ್ಕೆ, ಅಂದರೆ ಸುತ್ತಿನ ಮೊದಲ ಪೆಟ್ಟಿಗೆ, ಕೈಯನ್ನು ಸ್ವಲ್ಪ ಎತ್ತರದಿಂದ ಇಳಿಸಿದೆ. ಆಮೇಲೆ ಇಬ್ಬರ ಕೈಯೂ ಒಟ್ಟಿಗೆ ಬೀಳತೊಡಗಿತು.

ಅಷ್ಟರಲ್ಲಿ ಬಿಳಿ ಬೆಳಕು ಬಣ್ಣ ತಿರುಗುತ್ತಿತ್ತು. ಇಡೀ ಸಂಜೆ ಅಲುಗದೆ ಇದ್ದ ಬೆಳಕು ನಿಧಾನವಾಗಿ ಕೆಂಪಾಗಿ, ವೇದಿಕೆ ಕುಂಕುಮದಲ್ಲಿ ಅದ್ದಿದಂತಾಯಿತು. ಅಲ್ಲಿಂದ ಅದೇ ಹದಿಮೂರು ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ, ಹೋಯಿತು. ಕಾಲ ಬದಲಾಯಿಸುವ ಆ ಜಿಗಿತದಲ್ಲಿ ಕೈ ತಪ್ಪದಂತೆ ಕಾಯುವುದನ್ನು ನನ್ನ ಗುರುಗಳು ವರ್ಷಗಟ್ಟಲೆ ಹೇಳಿಕೊಟ್ಟಿದ್ದರು. ನನ್ನ ಕೈ ತಪ್ಪಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ನಿಂತು ಕುಣಿಯುತ್ತಿದ್ದರೆ ಆ ಹದಿಮೂರರ ಒಳಗೆ ಹೋಗಲು ನನಗೆ ಸಾಧ್ಯವಾಗುತ್ತಿರಲಿಲ್ಲ.

ಎಲ್ಲ ಮುಗಿದು ಏಳೂ ಜನ ಸಾಲಾಗಿ ನಿಂತರು. ಲೆವಿನ್ ಕ್ಯಾಮೆರಾ ಎತ್ತಿದರು. ಹಾಲ್‌ನಲ್ಲಿ ಒಮ್ಮೆಲೇ ಸಾವಿರಾರು ಮೊಬೈಲ್‌ಗಳು ಮೇಲೆದ್ದವು. ಈಗ ಎಲ್ಲರೂ ನಿಂತಿದ್ದರು, ನಾನೂ ನಿಂತಿದ್ದೆ. ಆಗ ನನಗೆ ಗೊತ್ತಿರಲಿಲ್ಲ, 2021ರ ಡಿಸೆಂಬರ್ 8ರಂದು ಟೋಕಿಯೊದಲ್ಲಿ ಈ ಏಳು ಜನ ತಮ್ಮ ಪ್ರವಾಸದ ಕೊನೆಯ ಕಾರ್ಯಕ್ರಮ ಮುಗಿಸುತ್ತಾರೆ, ಆ ಬಳಿಕ ಅವರನ್ನು ಮತ್ತೆ ಕೇಳುವ ಅವಕಾಶ ಬರುವುದಿಲ್ಲ ಎಂದು.

ಮನೆ ಸೇರಿದಾಗ ನಡುರಾತ್ರಿ ದಾಟಿತ್ತು. ನಿದ್ದೆ ಬರಲಿಲ್ಲ. ಮೈಸೂರಿನಲ್ಲಿ ಬೆಳಗಾಗುವುದನ್ನೇ ಕಾದು ಅಪ್ಪನಿಗೆ ಫೋನ್ ಮಾಡಿದೆ.

"ತನಿ ಇತ್ತೇನೋ?" ಎಂದು ಕೇಳಿದರು.

"ಇತ್ತಪ್ಪ, ಮೂರು ಜನ."

"ಸಮಕ್ಕೆ ಸರಿಯಾಗಿ ಬಂದರಾ?"

"ಬಂದರು. ಕೊನೆಯಲ್ಲಿ ಹದಿಮೂರರದ್ದೊಂದು ನುಡಿಸಿದರು, ಎರಡು ಕಾಲದಲ್ಲಿ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎಲ್ಲಿ, ಬಾಯಲ್ಲಿ ಹೇಳು" ಎಂದರು. ಫೋನನ್ನು ಮೇಜಿನ ಮೇಲಿಟ್ಟು ತಕಧಿಮಿ ತಕಧಿಮಿ ತಕತಕಿಟ ಎಂದು ಶುರುಮಾಡಿದೆ. ಮೂರನೇ ಸುತ್ತಿಗೆ ಆ ಕಡೆಯಿಂದ ತೊಡೆಯ ಮೇಲೆ ಬೀಳುವ ಕೈಯ ಸದ್ದು ಕೇಳಿಸತೊಡಗಿತು.