ಪುಣೆಯ ಸಣ್ಣ ಉದ್ಯಮಿಗೆ ಸಂಶೋಧನಾ ಅನುದಾನ: ಅರ್ಜಿಗೆ ಮೊದಲು, ಹಣ ಬಂದ ಮೇಲೆ

ಭೋಸರಿ, ಚಾಕಣ, ಚಿಂಚವಾಡದ ಕೈಗಾರಿಕಾ ವಸಾಹತುಗಳಲ್ಲಿ ವರ್ಕ್‌ಶಾಪ್ ನಡೆಸುವ ನಮ್ಮ ಕಡೆಯ ಹಲವರು ಗಿರಾಕಿಗಳ ಕೆಲಸದ ನಡುವೆ ಮೂಲೆಯಲ್ಲೊಂದು ಸ್ವಂತ ಯಂತ್ರವನ್ನು ಕಟ್ಟುತ್ತಿರುತ್ತಾರೆ. ಅದು ಬಯೋಗ್ಯಾಸ್ ಶುದ್ಧಿ ಮಾಡುವ ಘಟಕವಾಗಿರಬಹುದು, ಸೌರ ಡ್ರೈಯರ್ ಆಗಿರಬಹುದು, ಬ್ಯಾಟರಿ ತಂಪಾಗಿಸುವ ಪೆಟ್ಟಿಗೆಯಾಗಿರಬಹುದು. ಅವರೆಲ್ಲ ಮೊದಲು ಕೇಳುವುದು ಇದಕ್ಕೆ ಸಬ್ಸಿಡಿ ಸಿಗುತ್ತದೆಯೇ ಎಂದು. ಅರ್ಜಿ ಕೆಡುವುದು ಬಹುಮಟ್ಟಿಗೆ ಈ ಪ್ರಶ್ನೆಯಿಂದಲೇ. ಸಬ್ಸಿಡಿಯನ್ನು ಕೊಡುವುದು ಕೆಲಸ ಮಾಡುತ್ತದೆಂದು ಗೊತ್ತಿರುವ ಯಂತ್ರವನ್ನು ಕೊಳ್ಳುವುದಕ್ಕೆ. ಸಂಶೋಧನಾ ಅನುದಾನವನ್ನು ಕೊಡುವುದು ಇನ್ನೂ ಗೊತ್ತಿಲ್ಲದ ಒಂದು ಸಂಗತಿಯನ್ನು ಪರೀಕ್ಷಿಸಿ ತಿಳಿಯುವುದಕ್ಕೆ. ಆದ್ದರಿಂದ ಅರ್ಜಿ ಬರೆಯುವ ಮೊದಲು, ನಿಮ್ಮ ಯಂತ್ರದ ಬಗ್ಗೆ ನಿಮಗೇ ಗೊತ್ತಿಲ್ಲದ್ದು ಏನು ಎಂಬುದನ್ನು ಕಾಗದದ ಮೇಲೆ ಇಳಿಸಿಕೊಳ್ಳಬೇಕು.

ವಿಜಯಪುರದ ಕಡೆಯಿಂದ ಬಂದು ಭೋಸರಿಯಲ್ಲಿ ನೆಲೆಸಿರುವ ನನ್ನ ಪರಿಚಯಸ್ಥರೊಬ್ಬರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅವರ ಊರಿನಲ್ಲಿ ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ, ಸುಮಾರು ಎರಡು ವಾರ ಒಣಗಿಸುತ್ತಾರೆ. ಅಷ್ಟರೊಳಗೆ ಅಕಾಲದ ಮಳೆ ಬಂದರೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಬಣ್ಣ ಕೆಟ್ಟು ದರ ಬೀಳುತ್ತದೆ. ಹಗಲಿನ ಬಿಸಿಲಿನ ಶಾಖವನ್ನು ಪ್ಯಾರಾಫಿನ್ ಮೇಣದಲ್ಲಿ ಕೂಡಿಟ್ಟು ರಾತ್ರಿಯೂ ಒಣಗಿಸುವ ಡ್ರೈಯರ್ ಅವರ ಕಲ್ಪನೆ. ಅವರು ಬರೆದ ಮೊದಲ ಕರಡಿನಲ್ಲಿ ರೈತರ ಆದಾಯ, ಗ್ರಾಮೀಣ ಉದ್ಯೋಗ, ಆತ್ಮನಿರ್ಭರತೆ ಎಲ್ಲವೂ ಇದ್ದವು, ಮೇಣದ ವಿಷಯ ಮಾತ್ರ ಒಂದೇ ಸಾಲಿನಲ್ಲಿ ಮುಗಿದಿತ್ತು. ತೊಡಕಿದ್ದದ್ದು ಮೇಣದಲ್ಲಿಯೇ. ಮೇಣ ಕರಗುವಾಗ ಶಾಖವನ್ನು ಹೇರಳವಾಗಿ ಹಿಡಿದಿಡುತ್ತದೆ, ಆದರೆ ಅದರ ಮೂಲಕ ಶಾಖ ಹರಿಯುವುದು ಬಹಳ ನಿಧಾನ. ಶಾಖ ಹರಡುವ ತೆಳು ಅಲ್ಯೂಮಿನಿಯಂ ಪಟ್ಟಿಗಳನ್ನು (ಫಿನ್‌) ಸೇರಿಸಿದರೆ ರಾತ್ರಿ ಎಷ್ಟು ಗಂಟೆಗಳ ಕಾಲ 50 ಡಿಗ್ರಿಯ ಗಾಳಿ ಸಿಗುತ್ತದೆ, ಎಷ್ಟು ಸಲ ಕರಗಿ ಗಟ್ಟಿಯಾದ ಮೇಲೆ ಡಬ್ಬಿ ಸೋರುತ್ತದೆ, ಈ ರೀತಿ ಒಣಗಿದ ಮಣೂಕದ ಬಣ್ಣ ಶೆಡ್ಡಿನದಕ್ಕೆ ಸಮನಾಗಿರುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟು, ಪ್ರತಿಯೊಂದಕ್ಕೂ ಯಾವ ಪರೀಕ್ಷೆ, ಯಾವ ಉಪಕರಣ, ಎಷ್ಟು ಅಂಕಿ ಬಂದರೆ ಗೆಲುವು ಎಂದು ಬರೆದಾಗ ಅದು ಅರ್ಜಿಯಾಯಿತು. ಬಜೆಟ್ಟೂ ಕಂತುಗಳ ಗುರಿಗಳೂ ಆ ಮೂರು ಪ್ರಶ್ನೆಗಳಿಂದ ತಾವಾಗಿಯೇ ಹೊರಟವು.

ಇನ್ನು ಯೋಜನೆಯ ಆಯ್ಕೆ. ಕಾಗದದ ಮೇಲಿನ ಕಲ್ಪನೆಯನ್ನು ಕೆಲಸ ಮಾಡುವ ಮಾದರಿಯಾಗಿಸುವ ಹಂತಕ್ಕೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಹೇಳಿಮಾಡಿಸಿದಂತಿದೆ: ಗರಿಷ್ಠ 10 ಲಕ್ಷ ರೂಪಾಯಿ, ಕಂಪನಿ ಇಲ್ಲದ ವ್ಯಕ್ತಿಯೂ ಅರ್ಜಿ ಹಾಕಬಹುದು, ಆದರೆ ಕೈಗೆ ಸಿಗುವ ಭೌತಿಕ ಉತ್ಪನ್ನವಿರಬೇಕು, ಬರೀ ಸಾಫ್ಟ್‌ವೇರ್ ನಡೆಯುವುದಿಲ್ಲ. ಈ ಹಣವನ್ನು ಇಲಾಖೆ ನೇರವಾಗಿ ಕೊಡುವುದಿಲ್ಲ, ಹೊಸ ಉದ್ಯಮಗಳನ್ನು ಪೋಷಿಸುವ ಇನ್‌ಕ್ಯುಬೇಷನ್ ಕೇಂದ್ರಗಳ ಮೂಲಕ ಕೊಡುತ್ತದೆ. ಪುಣೆಯವರಿಗೆ ಪಾಷಾಣ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಆವರಣದಲ್ಲಿ 2007ರಿಂದ ಇರುವ ವೆಂಚರ್ ಸೆಂಟರ್ ಹತ್ತಿರ. ಮುಂಬಯಿಯವರಿಗೆ ಪವಾಯಿಯ ಐಐಟಿಯ ಸೈನ್ ಇದೆ. ಗೋವೆಯವರು ಮಡಗಾಂವಿನ ಡಾನ್ ಬಾಸ್ಕೊ ಎಂಜಿನಿಯರಿಂಗ್ ಕಾಲೇಜಿನ ಫೈರ್ ಕೇಂದ್ರದಲ್ಲಿ ವಿಚಾರಿಸಬಹುದು. ಜೀವಾಣು, ಪಾಚಿ, ಕಿಣ್ವಗಳ ಮೂಲಕ ಇಂಧನ ತಯಾರಿಸುವವರಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಬೈರಾಕ್ ಸಂಸ್ಥೆಯ ಬಿಗ್ ಅನುದಾನ ಇನ್ನೂ ದೊಡ್ಡದು, 18 ತಿಂಗಳಿಗೆ 50 ಲಕ್ಷದವರೆಗೆ. ಅದರ ಅರ್ಜಿ ಆಹ್ವಾನ ವಾಡಿಕೆಯಂತೆ ಜನವರಿ ಮತ್ತು ಜುಲೈ ತಿಂಗಳ ಮೊದಲ ದಿನ ತೆರೆಯುತ್ತದೆ. ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ಸಂಶೋಧನಾ ಕಾರ್ಯಕ್ರಮ ಸರ್ಕಾರಿ ಸಂಸ್ಥೆಗಳಿಗೆ ಪೂರ್ತಿ ವೆಚ್ಚವನ್ನು ಕೊಟ್ಟರೂ ಉದ್ಯಮಗಳಿಗೆ ಕೊಡುವುದು ಅರ್ಧದವರೆಗೆ ಮಾತ್ರ, ಉಳಿದರ್ಧ ನಿಮ್ಮ ಕೈಯಿಂದಲೇ ಹೋಗಬೇಕು. 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ ಮತ್ತು ನಾವೀನ್ಯ ನಿಧಿಯ ಸುದ್ದಿ ಓದಿ ಹಿಗ್ಗಿದವರಿಗೆ ಒಂದು ಮಾತು: ಅದು ಮುಖ್ಯವಾಗಿ ದೀರ್ಘಾವಧಿ ಸಾಲದ ರೂಪದಲ್ಲಿ, ತಂತ್ರಜ್ಞಾನ ಸಿದ್ಧತೆಯ ಒಂಬತ್ತು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನು, ಅಂದರೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ತೋರಿಸಿದ ಹಂತವನ್ನು, ಮುಟ್ಟಿದವರಿಗೆ ಇರುವಂಥದ್ದು, ಮೂಲೆಯ ಮಾದರಿಗೆ ಸಿಗುವ ದಾನವಲ್ಲ.

ಯೋಜನೆಗಳ ಹೆಸರಿಗಿಂತ ಅವುಗಳ ಅನುಕ್ರಮವೇ ಹೆಚ್ಚು ಮುಖ್ಯವೆಂಬುದು ನನ್ನ ಅನುಭವ. 2021ರ ಏಪ್ರಿಲ್‌ನಲ್ಲಿ 945 ಕೋಟಿ ರೂಪಾಯಿಯೊಂದಿಗೆ ಆರಂಭವಾದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆಯ ನಿಯಮಗಳನ್ನು ನೋಡಿದರೆ ಇದು ತಿಳಿಯುತ್ತದೆ. ಮಾದರಿ ಮತ್ತು ಪರೀಕ್ಷೆಗಳಿಗೆ 20 ಲಕ್ಷದವರೆಗೆ ಅನುದಾನ ನೀಡುವ ಈ ಯೋಜನೆಗೆ ಅರ್ಜಿ ಹಾಕುವ ದಿನ ಕಂಪನಿ ನೋಂದಣಿಯಾಗಿ ಎರಡು ವರ್ಷ ದಾಟಿರಬಾರದು, ಮತ್ತು ಬೇರೆ ಕೇಂದ್ರ ಅಥವಾ ರಾಜ್ಯ ಯೋಜನೆಗಳಿಂದ 10 ಲಕ್ಷಕ್ಕಿಂತ ಹೆಚ್ಚು ಹಣ ಪಡೆದಿರಬಾರದು. ಸ್ಪರ್ಧೆಯ ಬಹುಮಾನ, ಪ್ರಯೋಗಾಲಯದ ಬಳಕೆ, ಸಂಸ್ಥಾಪಕರ ಮಾಸಿಕ ಭತ್ಯೆ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಪ್ರಯಾಸ್‌ನ ಪೂರ್ತಿ 10 ಲಕ್ಷ ಪಡೆದವರು ಗೆರೆಯ ಮೇಲೆ ನಿಂತಿರುತ್ತಾರೆ, ಅದರ ಮೇಲೆ ಬೇರೊಂದು ಯೋಜನೆಯಿಂದ ಚಿಲ್ಲರೆ ಹಣ ತೆಗೆದುಕೊಂಡರೂ ಇಲ್ಲಿಯ ಬಾಗಿಲು ಮುಚ್ಚುತ್ತದೆ. ಗೆಳೆಯರು ಹೇಳಿದರೆಂದು ಮೊದಲೇ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ಆಮೇಲೆ ಮಾದರಿ ಕಟ್ಟುತ್ತ ಎರಡು ವರ್ಷ ಕಳೆದವರನ್ನು ನಾನು ಕಂಡಿದ್ದೇನೆ. ವ್ಯಕ್ತಿಯಾಗಿ ಮಾದರಿಯ ಹಣ ಪಡೆದು, ಅದು ಕೆಲಸ ಮಾಡುವ ಸೂಚನೆ ಕಂಡ ಮೇಲೆ ಕಂಪನಿ ತೆರೆಯುವುದು ಲೇಸು. ಏಕಮಾಲೀಕತ್ವದ ವರ್ಕ್‌ಶಾಪಿಗೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ಉಚಿತವಾಗಿ ಸಿಗುತ್ತದೆ, ಆದರೆ ಸೀಡ್ ಫಂಡಿಗೆ ಬೇಕಾದ ಸ್ಟಾರ್ಟ್‌ಅಪ್ ಮಾನ್ಯತೆ ಸಿಗುವುದಿಲ್ಲ. ಹಳೆಯ ವ್ಯವಹಾರವನ್ನೇ ಒಡೆದು ಹೊಸ ಹೆಸರು ಕೊಟ್ಟ ಕಂಪನಿಗೂ ಅದು ಸಲ್ಲುವುದಿಲ್ಲ. ಯಾವ ಯೋಜನೆಯೇ ಆಗಲಿ, ಸದ್ಯ ಅರ್ಜಿ ಸ್ವೀಕರಿಸುತ್ತಿದೆಯೇ ಎಂಬುದನ್ನು ಅದರ ಪೋರ್ಟಲ್‌ನಲ್ಲಿಯೇ ನೋಡಿಕೊಳ್ಳಬೇಕು.

ಡಿಸೆಂಬರಿನಲ್ಲಿ ಮೋಶಿಯ ಕಿಸಾನ್ ಪ್ರದರ್ಶನದಲ್ಲಿ ಯಂತ್ರವನ್ನು ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೂ ಮೊದಲು ತಾತ್ಕಾಲಿಕ ಪೇಟೆಂಟ್ ಅರ್ಜಿಯನ್ನು ಸಲ್ಲಿಸಿ, ಏಕೆಂದರೆ ಒಮ್ಮೆ ಬಹಿರಂಗವಾದದ್ದು ಹೊಸತೆನಿಸಿಕೊಳ್ಳುವುದು ಕಷ್ಟ. ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಉಳಿದವರಿಗೆ 8,000. ಪೂರ್ಣ ವಿವರಣೆಯನ್ನು ಕೊಡಲು 12 ತಿಂಗಳ ಅವಕಾಶವಿರುತ್ತದೆ.

ಬಜೆಟ್ಟಿನಲ್ಲಿ ಶೆಡ್ ಕಟ್ಟುವ ಖರ್ಚನ್ನು ಹಾಕಬೇಡಿ. ಸೀಡ್ ಫಂಡಿನಲ್ಲಂತೂ ಕಟ್ಟಡ, ಸೌಲಭ್ಯಗಳ ನಿರ್ಮಾಣಕ್ಕೆ ಸ್ಪಷ್ಟ ನಿಷೇಧವಿದೆ. ದುಬಾರಿ ಮಾಪನ ಉಪಕರಣವನ್ನು ಕೊಳ್ಳುವ ಬದಲು ಪರೀಕ್ಷೆಯ ಶುಲ್ಕವನ್ನು ತೋರಿಸಿದರೆ ಅರ್ಜಿ ಆರಿಸುವ ಸಮಿತಿಗೆ ನಂಬಿಕೆ ಬರುತ್ತದೆ, ಪುಣೆಯಲ್ಲಿ ಅದಕ್ಕೆ ಕೊರತೆಯೂ ಇಲ್ಲ: ರಾಸಾಯನಿಕ ವಿಶ್ಲೇಷಣೆಗೆ ಪಾಷಾಣ ರಸ್ತೆಯ ಪ್ರಯೋಗಾಲಯವಿದೆ, ವಾಹನದ ಬ್ಯಾಟರಿಗೆ ಕೋಥರೂಡ್ ಗುಡ್ಡದ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಇದೆ. ಪ್ರತಿ ದೊಡ್ಡ ಖರೀದಿಗೂ ಕೊಟೇಶನ್ ಲಗತ್ತಿಸಿ. ನೌಕರಿ ಬಿಟ್ಟು ಬಂದವರ ಮನೆಖರ್ಚಿಗೆ ನಿಧಿ-ಇಐಆರ್ ಎಂಬ ಪ್ರತ್ಯೇಕ ಫೆಲೋಶಿಪ್ ತಿಂಗಳಿಗೆ 30,000 ರೂಪಾಯಿವರೆಗೆ ಕೊಡುತ್ತದೆ.

ಆಯ್ಕೆ ಸಮಿತಿಯ ಮುಂದಿನ ಸಂದರ್ಶನದ ಸ್ಲೈಡುಗಳು ಇಂಗ್ಲಿಷಿನಲ್ಲಿರುತ್ತವೆ, ಪ್ರಶ್ನೆಗಳು ಹಿಂದಿ, ಮರಾಠಿಗಳಲ್ಲೂ ಬರುತ್ತವೆ. ಭಾಷೆಯ ಅಳುಕು ಬೇಡ. ನಮ್ಮವರ ದೌರ್ಬಲ್ಯ ಬೇರೆಯೇ: ಹೊಳೆಯುವ ಚಿತ್ರಗಳನ್ನು ಒಯ್ದು, ಸುಟ್ಟುಹೋದ ಭಾಗವನ್ನು ಮನೆಯಲ್ಲಿ ಬಿಟ್ಟುಹೋಗುತ್ತಾರೆ. ಸೋರಿದ ಮೇಣದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, ಇದು ಈ ಬೆಸುಗೆಯಲ್ಲಿ ಬಿರಿಯಿತು, ಮುಂದಿನದರಲ್ಲಿ ಹಿಗ್ಗಲು ಇಷ್ಟು ಜಾಗ ಬಿಡುತ್ತೇವೆ ಎಂದು ಹೇಳಿದಾಗಲೇ ನನ್ನ ಪರಿಚಯಸ್ಥರ ಸಂದರ್ಶನಕ್ಕೆ ಜೀವ ಬಂದದ್ದು.

ಅನುದಾನ ಕಂತುಗಳಲ್ಲಿ, ಗುರಿ ಮುಟ್ಟಿದಂತೆ ಬರುತ್ತದೆ. ಅದಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಗಿರಾಕಿಗಳ ಹಣ ಅದರಲ್ಲಿ ಬೆರೆಯದಂತೆ ನೋಡಿಕೊಳ್ಳಿ. ಜಿಎಸ್‌ಟಿ ಬಿಲ್ಲಿಲ್ಲದ ಖರೀದಿ ಬೇಡ. ನೀವು ಕೊಡುವ ಲೆಕ್ಕವನ್ನು ಆಧರಿಸಿಯೇ ಸರ್ಕಾರಕ್ಕೆ ಹಣ ಬಳಕೆ ಪ್ರಮಾಣಪತ್ರ ಹೋಗುವುದರಿಂದ, ಒಂದು ಬಿಲ್ಲು ಕಾಣೆಯಾದರೆ ಮುಂದಿನ ಕಂತು ನಿಲ್ಲುತ್ತದೆ. 2015ರ ಹಣಕಾಸು ಕಾಯ್ದೆಯಿಂದೀಚೆಗೆ ಸರ್ಕಾರಿ ಅನುದಾನವನ್ನೂ ಆದಾಯದಲ್ಲಿ ಎಣಿಸುವುದರಿಂದ ಮಾರ್ಚಿಗೆ ಮೊದಲೇ ಸಿಎ ಒಬ್ಬರನ್ನು ಕಾಣಿ. ಕಮಿಷನ್ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ಸೀಡ್ ಫಂಡಿನ ಕೇಂದ್ರಗಳೇ ಅರ್ಜಿದಾರರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ಪ್ರಯೋಗ ಯೋಜನೆಯಂತೆ ನಡೆಯದಿದ್ದರೆ ಬಚ್ಚಿಡದೆ ವರದಿ ಮಾಡಬೇಕು. ಫಿನ್‌ಗೆಂದು ಮಂಜೂರಾದ ಹಣವನ್ನು ಡಬ್ಬಿಯ ಬೆಸುಗೆಗೆ ತಿರುಗಿಸಬೇಕಾದರೆ, ಖರ್ಚು ಮಾಡುವ ಮೊದಲೇ ಇನ್‌ಕ್ಯುಬೇಷನ್ ಕೇಂದ್ರಕ್ಕೆ ಪರೀಕ್ಷೆಯ ಅಂಕಿಗಳ ಸಹಿತ ಇಮೇಲ್ ಬರೆದು, ಒಪ್ಪಿಗೆಯನ್ನು ಲಿಖಿತವಾಗಿಯೇ ಪಡೆಯಬೇಕು. ಫೋನಿನಲ್ಲಿ ಸಿಕ್ಕ ಒಪ್ಪಿಗೆಯನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ.