ಹಾಸ್ಪಿಸ್ ಆರಿಸುವ ಮುನ್ನ: ಏನು ಕೇಳಬೇಕು, ಏನು ನೋಡಬೇಕು

ಕಾಯಿಲೆ ಇನ್ನು ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಹಾಸ್ಪಿಸ್, ಅಂದರೆ ಅಂಥ ರೋಗಿಯ ನೋವು ಇಳಿಸಿ ಕೊನೆಯವರೆಗೆ ನೋಡಿಕೊಳ್ಳುವ ಕಡೆ, ಹುಡುಕಲು ಮನೆಯವರಿಗೆ ಸಿಗುವುದು ಕೆಲವೇ ದಿನ. ಆ ಅವಸರದಲ್ಲಿ ಹೆಚ್ಚಿನವರು ನೋಡುವುದು ತೋಟ ಹೇಗಿದೆ, ಕೋಣೆ ಎಷ್ಟು ದೊಡ್ಡದು, ಪ್ರಾರ್ಥನೆ ನಡೆಯುತ್ತದೆಯೇ ಎಂದು. ಇವೂ ಬೇಕು. ಆದರೆ ರಾತ್ರಿ ಎರಡು ಗಂಟೆಗೆ ನೋವು ತಾಳಲಾರದೆ ರೋಗಿ ನರಳಿದರೆ ಎಷ್ಟು ಹೊತ್ತಿಗೆ ಯಾರು ಬರುತ್ತಾರೆ, ಬಂದವರ ಹತ್ತಿರ ಯಾವ ಔಷಧ ಇರುತ್ತದೆ ಎನ್ನುವುದರಲ್ಲೇ ಹಾಸ್ಪಿಸ್‌ನ ಗುಣಮಟ್ಟ ಇರುವುದು. ಹಗಲು ಹನ್ನೊಂದು ಗಂಟೆಗೆ ಎಲ್ಲ ಕಡೆಯೂ ಚೆನ್ನಾಗಿಯೇ ಕಾಣುತ್ತದೆ.

ಮೊದಲು, ಅದು ನಿಜವಾಗಿ ಹಾಸ್ಪಿಸ್ ಹೌದೇ?

ವೃದ್ಧಾಶ್ರಮಗಳು, ನರ್ಸಿಂಗ್ ಹೋಮ್‌ಗಳು, ಹೋಮ್ ನರ್ಸ್ ಕಳಿಸುವ ಏಜೆನ್ಸಿಗಳು ಕೂಡ ‘ಪ್ಯಾಲಿಯೇಟಿವ್ ಕೇರ್’ (ನೋವು, ಸಂಕಟ ಇಳಿಸುವ ಆರೈಕೆ) ಎಂದು ಬೋರ್ಡ್ ಹಾಕಿಕೊಂಡಿರಬಹುದು. ಊಟ ಮಾಡಿಸಿ, ಡೈಪರ್ ಬದಲಿಸಿ, ಬಿಪಿ ನೋಡುವುದು ಶುಶ್ರೂಷೆಯಾಯಿತು. ಹಾಸ್ಪಿಸ್ ಎನ್ನಿಸಿಕೊಳ್ಳಲು ನೋವು, ಉಬ್ಬಸ, ವಾಂತಿ, ಗಾಯ, ಭಯ, ನಿದ್ರೆಗೇಡು ಇವುಗಳಿಗೆ ಚಿಕಿತ್ಸೆ ಕೊಡಬಲ್ಲ ತರಬೇತಾದ ಡಾಕ್ಟರ್ ಮತ್ತು ನರ್ಸ್ ಇರಬೇಕು, ರೋಗಿಯ ಜೊತೆಗೂ ಮನೆಯವರ ಜೊತೆಗೂ ಕೂತು ಮಾತಾಡುವ ಕೌನ್ಸೆಲರ್ ಅಥವಾ ಸಮಾಜ ಕಾರ್ಯಕರ್ತರು ಇರಬೇಕು.

ನಮ್ಮ ದೇಶದ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಆವೇದನಾ ಸದನ. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ 1994ರದ್ದು. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಹಣ ಕೊಟ್ಟ ಕಡೆ ಆರೈಕೆ ಹೆಚ್ಚು, ಉಚಿತವಾದರೆ ಕಡಿಮೆ ಎನ್ನುವ ಲೆಕ್ಕ ಈ ಕ್ಷೇತ್ರದಲ್ಲಿ ನಡೆಯುವುದಿಲ್ಲ.

ಫೋನಿನಲ್ಲೇ ಮೂರು ವಿಷಯ ಕೇಳಿಬಿಡಿ. ಕ್ಯಾನ್ಸರ್ ಮಾತ್ರವೋ, ಕಿಡ್ನಿ ವೈಫಲ್ಯ, ಹೃದಯ ವೈಫಲ್ಯ, ಮರೆವಿನ ಕಾಯಿಲೆಯವರನ್ನೂ ಸೇರಿಸಿಕೊಳ್ಳುತ್ತೀರೋ? ಗಂಟಲಲ್ಲಿ ಉಸಿರಾಟಕ್ಕೆ ಹಾಕಿದ ಟ್ರಕಿಯಾಸ್ಟಮಿ ಟ್ಯೂಬ್, ಮೂಗಿನಲ್ಲಿ ಊಟದ ನಳಿಕೆ, ವಾಸನೆ ಬರುವ ದೊಡ್ಡ ಗಾಯ ಇದ್ದರೆ ನೋಡಿಕೊಳ್ಳುತ್ತೀರಾ? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಕೊನೆಯ ಪ್ರಶ್ನೆಗೆ ‘ನೋವು ಹಿಡಿತಕ್ಕೆ ಬಂದ ಮೇಲೆ ಮನೆಗೆ ಕಳಿಸುತ್ತೇವೆ, ಬೇಕಾದಾಗ ಮತ್ತೆ ಬನ್ನಿ’ ಎಂದರೆ ಬೇಸರಪಡಬೇಡಿ. ಒಳ್ಳೆಯ ಹಾಸ್ಪಿಸ್‌ಗಳೂ ಹಾಗೇ ಮಾಡುತ್ತವೆ.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಪ್ರಮಾಣಪತ್ರ ಎಲ್ಲಿ ಎಂದು ಕೇಳಿ. ತಡವರಿಸಿದರೆ ಅಲ್ಲಿಗೇ ನಿಲ್ಲಿಸಿ.

ಮಾರ್ಫಿನ್ ಇದೆಯೇ?

ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ ಇದನ್ನೇ ಕೇಳಬೇಕು. ಮಾರ್ಫಿನ್ ಎಂದರೆ ತೀವ್ರ ನೋವಿಗೆ ಕೊಡುವ ಬಲವಾದ ಔಷಧ.

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಲೈಸೆನ್ಸಿನ ತಾಪತ್ರಯಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿಯಾಯಿತು. ಈಗ ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂದು ಒಪ್ಪಿಗೆ ಪಡೆದರೆ ಮಾರ್ಫಿನ್, ಫೆಂಟನಿಲ್, ಮೆಥಡೋನ್‌ನಂಥ ಔಷಧ ಇಟ್ಟು ಕೊಡಬಹುದು. ಇಲಾಖೆಯವರು ಇದನ್ನು ಆರ್‌ಎಂಐ ಎನ್ನುತ್ತಾರೆ. ಹಾಗಾಗಿ ಪ್ರಶ್ನೆ ನೇರವಾಗಿರಲಿ: ‘ನಿಮಗೆ ಆರ್‌ಎಂಐ ಮಾನ್ಯತೆ ಇದೆಯೇ? ಬಾಯಿಂದ ಕೊಡುವ ಮಾರ್ಫಿನ್ ಮಾತ್ರೆ ಇವತ್ತು ಸ್ಟಾಕ್‌ನಲ್ಲಿದೆಯೇ? ಸ್ಟಾಕ್ ಮುಗಿದರೆ ಏನು ಮಾಡುತ್ತೀರಿ?’

‘ಬೇಕಾದಾಗ ತರಿಸುತ್ತೇವೆ’ ಎನ್ನುವುದು ಉತ್ತರವಲ್ಲ. ಹೆಚ್ಚಿನ ಮೆಡಿಕಲ್ ಸ್ಟೋರ್‌ಗಳಲ್ಲಿ ಮಾರ್ಫಿನ್ ಸಿಗುವುದಿಲ್ಲ; ಬೇಕಾದಾಗ ಎಂದರೆ ಮರುದಿನ, ಅಥವಾ ಸೋಮವಾರ. ‘ಟ್ರಮಡಾಲ್ ಸಾಕಾಗುತ್ತದೆ’ ಎಂದರೂ ಎಚ್ಚರ. ಟ್ರಮಡಾಲ್ ಮಾರ್ಫಿನ್‌ಗಿಂತ ದುರ್ಬಲವಾದ ನೋವಿನ ಔಷಧ, ಅದಕ್ಕೆ ದಿನಕ್ಕೆ 400 ಮಿಲಿಗ್ರಾಂ ಎಂಬ ಮಿತಿಯಿದೆ. ತೀವ್ರ ಕ್ಯಾನ್ಸರ್ ನೋವಿಗೆ ಅದು ಬಹಳ ಸಲ ಸಾಲದು. ಮಾರ್ಫಿನ್‌ಗೆ ಅಂಥ ಗೆರೆಯಿಲ್ಲ, ನೋವು ಇಳಿಯುವವರೆಗೆ ಹಂತಹಂತವಾಗಿ ಏರಿಸಬಹುದು.

ಮಾರ್ಫಿನ್ ಹೇಗೆ ಕೊಡುತ್ತಾರೆ ಎಂಬುದನ್ನೂ ಕೇಳಿ. ಬೇಗ ಕೆಲಸ ಮಾಡುವ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ನೋವು ಬರಲಿ ಬಾರದಿರಲಿ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ರಾತ್ರಿ ಎಬ್ಬಿಸಬಾರದೆಂದು ಮಲಗುವಾಗ ಎರಡು ಪಟ್ಟು ಕೊಡುವ ಕ್ರಮವಿದೆ. ನಡುವೆ ನೋವು ನುಗ್ಗಿದರೆ ಕೊಡಲು ಹೆಚ್ಚುವರಿ ಡೋಸ್ ಮೊದಲೇ ಚೀಟಿಯಲ್ಲಿ ಬರೆದಿರಬೇಕು, ಸಾಮಾನ್ಯವಾಗಿ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ. ಹೀಗೆ ಬರೆದಿಟ್ಟಿದ್ದರೆ ರಾತ್ರಿಯ ಸಿಸ್ಟರ್ ಡಾಕ್ಟರಿಗೆ ಕಾಯದೆ ಕೊಡುತ್ತಾರೆ. ಬರೆದಿರದಿದ್ದರೆ ರೋಗಿ ಬೆಳಗಿನ ರೌಂಡ್ಸ್‌ವರೆಗೆ ಹಲ್ಲುಕಚ್ಚಿ ಕಾಯಬೇಕು. ‘ನೋವಾದಾಗ ಕೇಳಿ, ಕೊಡುತ್ತೇವೆ’ ಎನ್ನುವ ಕಡೆ ನೋವು ಯಾವಾಗಲೂ ಔಷಧಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆ: ‘ಮಾರ್ಫಿನ್ ಜೊತೆ ಮೋಷನ್‌ಗೆ ಏನು ಕೊಡುತ್ತೀರಿ?’ ಮಾರ್ಫಿನ್ ತೆಗೆದುಕೊಳ್ಳುವ ಬಹುತೇಕ ಎಲ್ಲರಿಗೂ ಮಲಬದ್ಧತೆ ಆಗುತ್ತದೆ, ದಿನ ಕಳೆದರೂ ಹೋಗುವುದಿಲ್ಲ. ಬಿಸಾಕೊಡಿಲ್‌ನಂಥ ಮಾತ್ರೆಯನ್ನು ಮೊದಲ ದಿನದಿಂದಲೇ ಬರೆಯದ ಡಾಕ್ಟರಿಗೆ ಈ ಔಷಧದ ಅಭ್ಯಾಸ ಕಡಿಮೆ ಎಂದು ತಿಳಿಯಿರಿ. ಕಿಡ್ನಿ ಕೆಟ್ಟವರಲ್ಲಿ ಮಾರ್ಫಿನ್ ದೇಹದಲ್ಲಿ ಉಳಿದು ಅತಿಯಾದ ಮಂಪರು, ಕೈಕಾಲು ಅದುರುವುದು ಬರುತ್ತದೆ. ಡೋಸ್ ಇಳಿಸಬೇಕು, ಅಂತರ ಹೆಚ್ಚಿಸಬೇಕು ಅಥವಾ ಬೇರೆ ಔಷಧಕ್ಕೆ ಹೋಗಬೇಕು. ನಿಮ್ಮವರ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಎಷ್ಟು ಎಂದು ಅವರೇ ಕೇಳಿದರೆ ಒಳ್ಳೆಯ ಲಕ್ಷಣ.

ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಎಂಬ ಹೆದರಿಕೆ ಅನೇಕ ಮನೆಗಳಲ್ಲಿದೆ. ಸರಿಯಾಗಿ ಲೆಕ್ಕ ಹಾಕಿ ಏರಿಸಿದ ಡೋಸ್ ಆಯುಸ್ಸನ್ನು ಮೊಟಕುಗೊಳಿಸುವುದಿಲ್ಲ. ಮೊದಲ ಎರಡು ಮೂರು ದಿನ ನಿದ್ದೆ ಹೆಚ್ಚು, ಆಮೇಲೆ ಕಡಿಮೆಯಾಗುತ್ತದೆ. ಇದನ್ನು ನೀವು ಕೇಳುವ ಮೊದಲೇ ಬಿಡಿಸಿ ಹೇಳುವ ಡಾಕ್ಟರ್ ಸಿಕ್ಕರೆ ಅವರನ್ನು ಬಿಡಬೇಡಿ.

ಎರಡು ಸಲ ಹೋಗಿ

ಒಮ್ಮೆ ಹೇಳಿ ಹೋಗಿ, ಇನ್ನೊಮ್ಮೆ ಹೇಳದೆ ಸಂಜೆ ಏಳರ ಮೇಲೆ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗೆ ಎಷ್ಟು ನರ್ಸ್, ಅವರಲ್ಲಿ ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಓದಿದವರು ಎಷ್ಟು, ಬರೀ ಅಟೆಂಡರ್‌ಗಳು ಎಷ್ಟು ಎಂದು ಕೇಳಿ. ಡಾಕ್ಟರ್ ಕಟ್ಟಡದಲ್ಲೇ ಇರುತ್ತಾರೋ, ಫೋನ್ ಮಾಡಿದರೆ ಬರುತ್ತಾರೋ? ಫೋನ್ ಮಾಡಿದರೆ ಎಂದಾದರೆ, ಎಷ್ಟು ದೂರದಿಂದ?

ವಾರ್ಡಿನಲ್ಲಿ ಗೋಡೆಯ ಬಣ್ಣ ಬಿಟ್ಟು ರೋಗಿಗಳ ಬಾಯಿ ನೋಡಿ. ತುಟಿ ಒಡೆದು, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿದ್ದರೆ ಬಾಯಿ ಶುಚಿಗೆ ಯಾರಿಗೂ ಪುರುಸೊತ್ತಿಲ್ಲ ಎಂದು ಅರ್ಥ. ಕರೆಗಂಟೆ ಕೈಗೆ ಎಟುಕುತ್ತದೆಯೇ, ನೀರಿನ ಲೋಟ ಹತ್ತಿರ ಇದೆಯೇ, ಯಾರಾದರೂ ಕೂಗಿದಾಗ ಸಿಸ್ಟರ್ ಎಷ್ಟು ಹೊತ್ತಿಗೆ ಎದ್ದು ಬಂದರು ಎಂಬುದನ್ನು ಗಮನಿಸಿ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಇದ್ದರೂ ಬಿಡುವಂತಿಲ್ಲ. ‘ನಮ್ಮಲ್ಲಿ ಏರ್ ಬೆಡ್ ಇದೆ, ತಿರುಗಿಸುವ ಅಗತ್ಯವಿಲ್ಲ’ ಎನ್ನುವ ಕಡೆ ಬೆಡ್ ಸೋರ್ ಆಗಿಯೇ ಆಗುತ್ತದೆ.

ಹುಣ್ಣಾದ ಗೆಡ್ಡೆಯ ವಾಸನೆಗೆ ಏನು ಮಾಡುತ್ತೀರಿ ಎಂದೂ ಕೇಳಿ. ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿಯೋ ಜೆಲ್ ಆಗಿಯೋ ಗಾಯದ ಮೇಲೆ ಹಾಕುತ್ತೇವೆ ಎಂದರೆ ಕೆಲಸ ಗೊತ್ತಿರುವವರು. ರೂಂ ಫ್ರೆಶ್ನರ್ ತೋರಿಸಿದರೆ ಗೊತ್ತಿಲ್ಲದವರು. ಈ ವಾಸನೆಗೆ ನಾಚಿ ಮೊಮ್ಮಕ್ಕಳನ್ನೂ ಹತ್ತಿರ ಬಿಡದೆ ಮುಖ ತಿರುಗಿಸಿ ಮಲಗುವ ರೋಗಿಗಳಿದ್ದಾರೆ. ಅಗ್ಗದ ಮಾತ್ರೆಯಿಂದ ಅವರು ಮತ್ತೆ ಮನೆಯವರ ಜೊತೆ ಕೂರುವಂತಾಗುತ್ತದೆ.

ಬೇರೆ ರೋಗಿಯ ಚಾರ್ಟ್ ತೋರಿಸಿ ಎನ್ನಬೇಡಿ. ತೋರಿಸಿದರೆ ಅದೇ ತಪ್ಪು. ಖಾಲಿ ಚಾರ್ಟ್ ಕೇಳಿ. ಅದರಲ್ಲಿ ನೋವಿಗೆ 0ರಿಂದ 10ರ ಅಂಕದ ಕಾಲಂ ಇರಬೇಕು, ಮಗ್ಗುಲು ಬದಲಿಸಿದ ವೇಳೆ ಬರೆಯಲು ಜಾಗ ಇರಬೇಕು.

ಕೊನೆಯ ದಿನಗಳ ಬಗ್ಗೆ ಮೊದಲೇ ಮಾತಾಡಿ

ಇದನ್ನು ಕೇಳಲು ಬಾಯಿ ಬರುವುದಿಲ್ಲ, ಆದರೂ ಕೇಳಲೇಬೇಕು: ‘ಉಸಿರಾಟ ಕಷ್ಟವಾದರೆ ಇಲ್ಲೇ ನೋಡಿಕೊಳ್ಳುತ್ತೀರೋ, ಆಂಬುಲೆನ್ಸ್ ಕರೆದು ಐಸಿಯುಗೆ ಕಳಿಸುತ್ತೀರೋ?’ ರಾತ್ರಿ ಗಾಬರಿಯಾಗಿ ದೊಡ್ಡಾಸ್ಪತ್ರೆಗೆ ಸಾಗಿಸುವ ಕಡೆ ಸೇರಿಸಿದರೆ, ಯಾವ ವೆಂಟಿಲೇಟರ್ ಬೇಡವೆಂದು ನಿರ್ಧರಿಸಿದ್ದಿರೋ ಅದರಲ್ಲೇ ಕೊನೆಯಾಗುತ್ತದೆ. ಬಲ್ಲ ತಂಡ ಕಡಿಮೆ ಡೋಸ್ ಮಾರ್ಫಿನ್‌ನಿಂದ, ಮುಖಕ್ಕೆ ಫ್ಯಾನ್ ಹಿಡಿದು, ತಲೆದಿಂಬು ಎತ್ತರಿಸಿ ಉಬ್ಬಸ ಇಳಿಸುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಮಗ್ಗುಲಾಗಿಸುತ್ತದೆ. ಬೇಕಿದ್ದರೆ ಗ್ಲೈಕೊಪೈರೊಲೇಟ್‌ನಂಥ ಇಂಜೆಕ್ಷನ್ ಕೊಡುತ್ತದೆ. ನುಂಗಲಾಗದಾಗ ಚರ್ಮದ ಕೆಳಗೆ ಸಣ್ಣ ಬಟರ್‌ಫ್ಲೈ ಸೂಜಿಯಿಂದ ಔಷಧ ಕೊಡಲು ಬರುತ್ತದೆಯೇ ಎಂದು ವಿಚಾರಿಸಿ.

ಊಟ ಬಿಟ್ಟವರಿಗೆಲ್ಲ ಡ್ರಿಪ್ ಹಾಕುವುದು, ನಳಿಕೆ ತೂರಿಸುವುದು ಮನೆಯವರ ಸಮಾಧಾನಕ್ಕೆ ನಡೆಯುವ ಕೆಲಸ. ಕೊನೆಯ ದಿನಗಳಲ್ಲಿ ಹೆಚ್ಚಿನ ನೀರು ಶ್ವಾಸಕೋಶಕ್ಕೂ ಕಾಲಿಗೂ ಸೇರುತ್ತದೆ. ಡ್ರಿಪ್ ಯಾಕೆ ಬೇಡ ಎಂದು ಕೂತು ವಿವರಿಸುವವರನ್ನು ನಂಬಿ.

ಜೀವರಕ್ಷಕ ಯಂತ್ರ ಬೇಡವೆನ್ನುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದು, 2023ರಲ್ಲಿ ವಿಧಾನ ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಮುಂಗಡ ನಿರ್ದೇಶನ, ಅಂದರೆ ಮುಂದೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ, ಸಿಂಧುವಾಗುತ್ತದೆ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಅಂಥ ಪತ್ರ ಕೊಟ್ಟರೆ ಫೈಲಿನಲ್ಲಿ ಎಲ್ಲಿ ಇಡುತ್ತಾರೆ, ರಾತ್ರಿ ಪಾಳಿಯವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿ.

‘ಅಪ್ಪನಿಗೆ ಕಾಯಿಲೆ ಏನೆಂದು ಹೇಳಬೇಡಿ’ ಎಂದು ಮಕ್ಕಳು ಕೇಳಿಕೊಂಡಾಗ ಏನು ಮಾಡುತ್ತೀರಿ ಎಂದೂ ವಿಚಾರಿಸಿ. ಸುಮ್ಮನೆ ಒಪ್ಪುವವರೂ ಬೇಡ, ದಡಬಡ ಹೇಳಿಬಿಡುವವರೂ ಬೇಡ. ರೋಗಿಗೆ ಎಷ್ಟು ಗೊತ್ತಿದೆ, ಎಷ್ಟು ತಿಳಿಯಬೇಕೆಂದಿದೆ ಎಂದು ಅವರನ್ನೇ ಮೆಲ್ಲಗೆ ಕೇಳುತ್ತೇವೆ ಎನ್ನುವುದು ಸರಿಯಾದ ಉತ್ತರ.

ರಾತ್ರಿ ಒಬ್ಬರು ಉಳಿಯಬಹುದೇ, ಮಕ್ಕಳು ಬರಬಹುದೇ, ತುಳಸಿ ನೀರು ಬಿಡಲು, ದುವಾ ಅಥವಾ ಪ್ರಾರ್ಥನೆ ಮಾಡಿಸಲು ಅಡ್ಡಿಯಿಲ್ಲವೇ, ಜೀವ ಹೋದ ಮೇಲೆ ದೂರದೂರಿನಿಂದ ಬರುವವರಿಗಾಗಿ ಎಷ್ಟು ಹೊತ್ತು ಕಾಯಬಹುದು, ಇವನ್ನೂ ತಿಳಿದುಕೊಳ್ಳಿ.

ಮನೆಗೇ ಬರುವ ತಂಡವಾದರೆ

ಎಷ್ಟು ಕಿಲೋಮೀಟರ್‌ವರೆಗೆ ಬರುತ್ತಾರೆ, ವಾರಕ್ಕೆ ಎಷ್ಟು ಸಲ, ಬರುವುದು ಡಾಕ್ಟರೋ ನರ್ಸೋ? ಸೇರುವ ಮೊದಲೇ ಭಾನುವಾರ ರಾತ್ರಿ ಹತ್ತಕ್ಕೆ ಅವರ ತುರ್ತು ನಂಬರಿಗೆ ಫೋನ್ ಮಾಡಿ ನೋಡಿ. ಎತ್ತಿದವರು ಔಷಧದ ಬಗ್ಗೆ ಸಲಹೆ ಕೊಡಬಲ್ಲವರೇ ಅಥವಾ ‘ನಾಳೆ ಆಫೀಸಿಗೆ ಮಾಡಿ’ ಎನ್ನುವವರೇ ಎಂದು ಗೊತ್ತಾಗುತ್ತದೆ.

ಊರು ದೂರವಿದ್ದರೆ ಮಾರ್ಫಿನ್‌ನ ಲೆಕ್ಕ ಇನ್ನೂ ಮುಖ್ಯ. ಒಮ್ಮೆಗೆ ಎಷ್ಟು ದಿನದ ಮಾತ್ರೆ ಕೊಡುತ್ತಾರೆ, ರೋಗಿಯ ಬದಲು ಮನೆಯವರು ಬಂದರೆ ಕೊಡುತ್ತಾರೆಯೇ, ಯಾವ ಕಾಗದ ತರಬೇಕು? ಎರಡು ದಿನದ ಮಾತ್ರೆ ಕೊಟ್ಟು ಹಳ್ಳಿಗೆ ಕಳಿಸಿದರೆ ಮೂರನೇ ದಿನ ನೋವಿನ ಜೊತೆ ಔಷಧ ಥಟ್ಟನೆ ನಿಂತ ಸಂಕಟವೂ ಸೇರುತ್ತದೆ. ಡ್ರೆಸ್ಸಿಂಗ್, ಕ್ಯಾತಿಟರ್ ಶುಚಿ, ಮಗ್ಗುಲು ಬದಲಿಸುವುದನ್ನು ಹೇಳಿಕೊಟ್ಟು, ನಿಮ್ಮ ಕೈಯಿಂದ ಮಾಡಿಸಿ ನೋಡಿಯೇ ಮನೆಗೆ ಕಳಿಸುವ ತಂಡ ಒಳ್ಳೆಯದು.

ಮನೆಯಲ್ಲೇ ಜೀವ ಹೋದರೆ ಸಾವಿನ ಕಾರಣದ ಪ್ರಮಾಣಪತ್ರ, ಅಂದರೆ ನಮೂನೆ 4ಎ, ಯಾರು ಬರೆದುಕೊಡುತ್ತಾರೆ? ಇದನ್ನು ಮೊದಲೇ ಗೊತ್ತು ಮಾಡಿಕೊಳ್ಳದವರು ಆ ಹೊತ್ತಿನಲ್ಲಿ ಡಾಕ್ಟರ್ ಹುಡುಕಿ ಅಲೆಯುತ್ತಾರೆ. ಮರಣ ನೋಂದಣಿಗೆ 21 ದಿನದ ಗಡುವಿದೆ.

ದುಡ್ಡಿನ ಮಾತು

ದಿನದ ದರದಲ್ಲಿ ಡೈಪರ್, ಡ್ರೆಸ್ಸಿಂಗ್, ಆಕ್ಸಿಜನ್, ಏರ್ ಬೆಡ್, ಡಾಕ್ಟರ್ ಭೇಟಿ ಸೇರಿವೆಯೇ ಎಂದು ಬರೆಸಿಕೊಳ್ಳಿ. ಮುಂಗಡ ಕಟ್ಟಿ ನಾಲ್ಕೇ ದಿನಕ್ಕೆ ರೋಗಿ ತೀರಿಕೊಂಡರೆ ಉಳಿದದ್ದು ವಾಪಸ್ ಬರುತ್ತದೆಯೇ ಎಂಬುದನ್ನೂ ಬರೆಸಿ.

ಸೇರಿಸಿದ ಮೇಲೆ ಮೊದಲ ಮೂರು ದಿನ

ಮೊದಲ ದಿನವೇ ಡಾಕ್ಟರ್ ರೋಗಿಯ ಬಳಿ ಕೂತು ನೋವು ಎಲ್ಲಿ, ಹೇಗೆ, ಎಷ್ಟು ಎಂದು ಕೇಳಿರಬೇಕು. ನೋವು 8 ಇದ್ದವರಿಗೆ ಎರಡು ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದು ರಾತ್ರಿ ನಿದ್ದೆ ಬರುವಂತಾಗಬೇಕು. ಆಗದಿದ್ದರೆ ಔಷಧ ಬದಲಾಗಿರಬೇಕು. ಈಗ ನಿಮ್ಮವರದೇ ಚಾರ್ಟ್ ನೋಡಿ. ಮೂರು ದಿನದ ಎಲ್ಲ ಕಾಲಂನಲ್ಲೂ ಒಂದೇ ಅಂಕ, ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ ಅದನ್ನು ಒಟ್ಟಿಗೆ ತುಂಬಿಸಿದ್ದಾರೆ. ಅಂಕ ಏರಿಳಿದು, ಪಕ್ಕದಲ್ಲಿ ‘ರಾತ್ರಿ 1.40ಕ್ಕೆ ಹೆಚ್ಚುವರಿ ಡೋಸ್, 2.30ಕ್ಕೆ ನೋವು 3’ ಎಂಬಂಥ ಬರಹವಿದ್ದರೆ ರಾತ್ರಿ ಎಚ್ಚರವಿದ್ದವರು ಯಾರೋ ಇದ್ದಾರೆ.

ಸರಿ ಬರದಿದ್ದರೆ ಮೊದಲು ನರ್ಸಿಂಗ್ ಮುಖ್ಯಸ್ಥರಿಗೆ, ಆಮೇಲೆ ಮುಖ್ಯ ವೈದ್ಯರಿಗೆ ಹೇಳಿ. ದಿನ, ವೇಳೆ, ಕೇಳಿದ್ದೇನು, ಸಿಕ್ಕಿದ್ದೇನು ಎಂದು ಕಾಗದದಲ್ಲಿ ಬರೆದು ಕೊಡಿ. ಬಾಯಿಮಾತಿನ ದೂರು ಪಾಳಿ ಬದಲಾದೊಡನೆ ಮರೆತುಹೋಗುತ್ತದೆ. ಅದರಿಂದಲೂ ಆಗದಿದ್ದರೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಆದರೆ ದೂರಿನ ತೀರ್ಮಾನಕ್ಕೆ ಕಾಯುತ್ತ ನೋವಿನಲ್ಲಿರುವವರನ್ನು ಅಲ್ಲೇ ಬಿಡಬೇಡಿ. ಮೊದಲು ರೋಗಿಯನ್ನು ಬೇರೆಡೆಗೆ ಕರೆದೊಯ್ಯಿರಿ. ಡಿಸ್ಚಾರ್ಜ್ ಸಮ್ಮರಿ, ಈಗ ಕೊಡುತ್ತಿರುವ ಮಾರ್ಫಿನ್ ಡೋಸ್, ಕೊನೆಯದಾಗಿ ಕೊಟ್ಟ ವೇಳೆ ಬರೆಸಿಕೊಂಡೇ ಹೊರಡಿ.