ಕರೆಂಟ್ ಹೋದರೂ ಜಾಬ್ ಬಿಡದ ಕ್ಲಾಂಪ್: ನನ್ನ ಅನುಭವ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್. ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್), ಒಂದು ಹಳೇ ಲೇತ್. ಹೆಚ್ಚಾಗಿ ಅಲ್ಯೂಮಿನಿಯಂ ಪಂಪ್ ಹೌಸಿಂಗ್ ಕೆಲಸ. ಜಾಬ್ ಅಂದರೆ ಕತ್ತರಿಸಿ ರೂಪ ಕೊಡಲು ಮೆಷಿನ್‌ಗೆ ಹಾಕುವ ತುಂಡು. ಅದನ್ನು ಹಿಡಿದಿಡುವ ಹೈಡ್ರಾಲಿಕ್ ಫಿಕ್ಸ್ಚರ್‌ನಿಂದ ಎಣ್ಣೆ ಸೋರುವುದನ್ನು ಒರೆಸಿ ಒರೆಸಿ ಬೇಸತ್ತು, ಮೋಟಾರಿನಿಂದ ಹಿಡಿಯುವ ಕ್ಲಾಂಪ್ ನಾನೇ ಮಾಡಲು ಕೈಹಾಕಿದೆ. ಸಣ್ಣ ಸರ್ವೋ ಮೋಟಾರು, 5ಕ್ಕೆ 1ರ ಗೇರ್‌ಬಾಕ್ಸ್, 5 ಮಿ.ಮೀ. ಲೀಡ್‌ನ (ಒಂದು ಸುತ್ತಿಗೆ ನಟ್ 5 ಮಿ.ಮೀ. ಸರಿಯುವ) ಬಾಲ್ ಸ್ಕ್ರೂ, ಅಂದರೆ ಎಳೆಯಲ್ಲಿ ಗುಂಡುಗಳು ಉರುಳುವ ಸ್ಕ್ರೂ, ಅದರ ಮುಂದೆ ದವಡೆ. ಹಿಡಿಯುವ ಬಲ 8 ಕಿಲೋನ್ಯೂಟನ್. ಜಾಬ್ ಮೇಲೆ ಸುಮಾರು 800 ಕಿಲೋ ಭಾರ ಹೇರಿದ ಹಾಗೆ.

ಮೊದಲ ವಾರ ಚೆನ್ನಾಗಿಯೇ ಓಡಿತು. ಎರಡನೇ ವಾರ ಒಂದು ಮಧ್ಯಾಹ್ನ, ಫೇಸ್ ಮಿಲ್ (ಮೇಲ್ಮೈ ಸಪಾಟು ಮಾಡುವ ಕಟರ್) ಜಾಬ್ ಮೇಲೆ ಓಡುತ್ತಿದ್ದಾಗ ಕರೆಂಟ್ ಹೋಯಿತು. ಲೈಟ್ ಆರಿತು, ಆಕ್ಸಿಸ್‌ಗಳು ನಿಂತವು. ಕಟರ್ ತಿರುಗಿಸುವ ಸ್ಪಿಂಡಲ್ ಮಾತ್ರ ಹಾಗೆ ನಿಲ್ಲುವುದಿಲ್ಲ ಅಲ್ವಾ? ಅದು ಇದ್ದ ವೇಗದಲ್ಲೇ ಸುತ್ತುತ್ತಾ ನಿಧಾನಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ನನ್ನ ಕ್ಲಾಂಪ್ ಹಿಡಿತ ಬಿಟ್ಟಿತ್ತು. ಇನ್ಸರ್ಟ್ (ಕಟರ್‌ನ ಅಂಚಿನ ಹಲ್ಲು) ಜಾಬ್‌ಗೆ ಸಿಕ್ಕಿಕೊಂಡು ಢಣ್ ಎಂದು ಶಬ್ದ. ಜಾಬ್‌ನ ಮೂಲೆ ಹಾರಿತು, ಎರಡು ಇನ್ಸರ್ಟ್ ಪುಡಿಯಾದವು. ಬಾಗಿಲು ಲಾಕ್ ಆಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. "ಸಾರ್, ಜಾಬ್ ತಾನಾಗೇ ಸಡಿಲ ಆಗ್ಬಿಡ್ತು" ಎಂದು ನಮ್ಮ ಆಪರೇಟರ್ ಹುಡುಗ ಹೇಳಿದಾಗ ಅವನ ಕೈ ನಡುಗುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಲ್ ಸ್ಕ್ರೂನ ದಕ್ಷತೆ ಸುಮಾರು 90 ಪ್ರತಿಶತ. ಅಷ್ಟು ಸಲೀಸಾಗಿ ಮುಂದೆ ಹೋಗುವುದು ಅಷ್ಟೇ ಸಲೀಸಾಗಿ ಹಿಂದೆಯೂ ಬರುತ್ತದೆ. 8 ಕಿಲೋನ್ಯೂಟನ್ ಬಲ ನಟ್ಟನ್ನು ಹಿಂದಕ್ಕೆ ದೂಡಿದರೆ ಸ್ಕ್ರೂ ಮೇಲೆ ಸುಮಾರು 5.7 ನ್ಯೂಟನ್ ಮೀಟರ್ ತಿರುಚು ಬಲ ಬರುತ್ತದೆ. ಗೇರ್‌ಬಾಕ್ಸ್ ದಾಟಿ ಮೋಟಾರಿಗೆ ಬರುವಾಗ ಅದು 1.1ರ ಆಸುಪಾಸು. ಕರೆಂಟ್ ಇರುವವರೆಗೆ ಮೋಟಾರು ಅದನ್ನು ತಡೆಯುತ್ತಿತ್ತು. ಕರೆಂಟ್ ಹೋದ ಮೇಲೆ ತಡೆಯುವವರೇ ಇಲ್ಲ.

ಯುಪಿಎಸ್ ಹಾಕಿ ಎಂದು ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಮೋಟಾರಿನ ಶಕ್ತಿ ಹೋಗುವುದು ಬರೀ ಲೈನ್ ಕರೆಂಟ್ ಹೋದಾಗ ಅಲ್ಲ. ಯಾರೋ ಎಮರ್ಜೆನ್ಸಿ ಬಟನ್ ಒತ್ತಿದರೂ ಹೋಗುತ್ತದೆ. ಮೋಟಾರನ್ನು ನಡೆಸುವ ಡ್ರೈವ್ ಫಾಲ್ಟ್ ಆದರೂ ಹೋಗುತ್ತದೆ. ಲೋಹದ ಚಿಪ್ಸ್ ತಗುಲಿ ಕೇಬಲ್ ಕತ್ತರಿಸಿದರೂ ಅಷ್ಟೇ. ಇಲ್ಲೆಲ್ಲ ಯುಪಿಎಸ್ ಏನು ಮಾಡೀತು?

ಮೊದಲು ಬಾಲ್ ಸ್ಕ್ರೂ ತೆಗೆದು, 20 ಮಿ.ಮೀ. ವ್ಯಾಸ, 4 ಮಿ.ಮೀ. ಪಿಚ್‌ನ ಟ್ರಪೆಜಾಯ್ಡಲ್ ಸ್ಕ್ರೂ (ಗುಂಡುಗಳಿಲ್ಲದೆ ಉಜ್ಜಿಕೊಂಡೇ ತಿರುಗುವಂಥದು) ಮತ್ತು ಕಂಚಿನ ನಟ್ ಹಾಕಿ ನೋಡಿದೆ. ಇದರ ಎಳೆಯ ಓರೆ ಸುಮಾರು 4 ಡಿಗ್ರಿ. ಘರ್ಷಣೆಯ ಕೋನ ಅದಕ್ಕಿಂತ ಜಾಸ್ತಿ ಇರುವವರೆಗೆ ಸ್ಕ್ರೂ ತಾನಾಗಿ ಹಿಂದೆ ತಿರುಗುವುದಿಲ್ಲ. ಬೆಂಚ್ ವೈಸ್ ಕೈಬಿಟ್ಟರೂ ಸಡಿಲವಾಗದೆ ಇರುವುದು ಇದೇ ಕಾರಣಕ್ಕೆ. ಹಿಡಿತ ಉಳಿಯಿತು, ನಿಜ. ಆದರೆ ಬೇರೆ ತೊಂದರೆ ಶುರುವಾಯಿತು. ಈ ಸ್ಕ್ರೂನಲ್ಲಿ ಮೋಟಾರಿನ ಶಕ್ತಿಯ ಮೂರನೇ ಎರಡು ಭಾಗ ಘರ್ಷಣೆಗೇ ಹೋಗುತ್ತದೆ. ಗ್ರೀಸ್ ಹೊಸದಾಗಿದ್ದಾಗ ಘರ್ಷಣೆ ಕಡಿಮೆ, ಒಣಗಿದಾಗ ಜಾಸ್ತಿ. ಘರ್ಷಣೆಯ ಗುಣಾಂಕ 0.15ರಿಂದ 0.1ಕ್ಕೆ ಇಳಿದರೆ ಸಾಕು, ಮೋಟಾರು ಅಷ್ಟೇ ತಿರುಚಿದರೂ ದವಡೆಯ ಬಲ ಸುಮಾರು 30 ಪ್ರತಿಶತ ಏರುತ್ತದೆ. ನಮ್ಮ ಹೌಸಿಂಗ್‌ನ ಗೋಡೆ ತೆಳು. ಗ್ರೀಸ್ ಹಾಕಿದ ಮಾರನೇ ದಿನ ಅದರ ಬೋರ್ (ಒಳಗಿನ ದುಂಡು ರಂಧ್ರ) ಮೊಟ್ಟೆಯಾಕಾರಕ್ಕೆ ಬರತೊಡಗಿತು. ಜೊತೆಗೆ, ಮಿಲ್ಲಿಂಗ್ ನಡುಕಕ್ಕೆ ಇಂಥ ಸ್ಕ್ರೂ ಕೂಡ ಕೂದಲೆಳೆಯಷ್ಟು ಜಾರಬಹುದು. ಬರೀ ಘರ್ಷಣೆಯನ್ನೇ ನಂಬಿ ಕೂರುವುದು ನನಗೆ ಸರಿಬರಲಿಲ್ಲ.

ಹಾಗಾಗಿ ಬಾಲ್ ಸ್ಕ್ರೂ ವಾಪಸ್ ಹಾಕಿ, ಬ್ರೇಕ್ ಸೇರಿಸಿದೆ. ಕರೆಂಟ್ ಕೊಟ್ಟರೆ ಬಿಡುವ, ತೆಗೆದರೆ ಸ್ಪ್ರಿಂಗ್ ಬಲದಿಂದ ಹಿಡಿಯುವ ಬ್ರೇಕ್. ಲಿಫ್ಟ್‌ಗಳಲ್ಲಿ, ಕ್ರೇನ್‌ಗಳಲ್ಲಿ ಇರುವ ಜಾತಿಯದು. ಮೋಟಾರಿನ ಜೊತೆಗೇ ಬ್ರೇಕ್ ಬರುತ್ತದೆ, ಅದನ್ನೇ ತಗೊಳ್ಳಿ ಎಂದು ಅಂಗಡಿಯವರು ಹೇಳಿದರು. ನಾನು ಬ್ರೇಕನ್ನು ಸ್ಕ್ರೂ ಮೇಲೆಯೇ ಕೂರಿಸಿದೆ. ಮೋಟಾರು ಮತ್ತು ಸ್ಕ್ರೂ ನಡುವೆ ಕಪ್ಲಿಂಗ್ ಇದೆ, ಗೇರ್ ಇದೆ. ಅದರಲ್ಲಿ ಒಂದು ಮುರಿದರೂ ಮೋಟಾರಿನ ಹಿಂದಿರುವ ಬ್ರೇಕ್ ಯಾವ ಕೆಲಸಕ್ಕೂ ಬರುವುದಿಲ್ಲ. ತಡೆಯಬೇಕಾದದ್ದು 5.7, ನಾನು ಹಾಕಿದ್ದು 12 ನ್ಯೂಟನ್ ಮೀಟರ್‌ನದು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ದವಡೆಯ ಕೆಳಗೆ ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್) ಇಟ್ಟು ನೋಡಿದರೆ, ಮೋಟಾರು ಆಫ್ ಆದ ಕೂಡಲೇ ಬಲ ಕುಸಿಯುತ್ತಿತ್ತು. ಸ್ಕ್ರೂ ತಿರುಗದಿದ್ದರೆ ಜಾಬ್ ಭದ್ರ ಎಂದು ನಾನು ತಿಳಿದಿದ್ದೆ. ಜಾಬನ್ನು ಹಿಡಿಯುವುದು ಸ್ಕ್ರೂ ನಿಂತ ಜಾಗ ಅಲ್ಲ, ಅದರಲ್ಲಿ ತುಂಬಿಟ್ಟ ಬಲ. ನಮ್ಮ ಫಿಕ್ಸ್ಚರ್ ಎಷ್ಟು ಗಟ್ಟಿ ಎಂದರೆ, 8 ಕಿಲೋನ್ಯೂಟನ್ ಹೇರಿದರೂ ಒಟ್ಟು 0.1 ಮಿ.ಮೀ.ನಷ್ಟೇ ಹಿಗ್ಗುತ್ತಿತ್ತು. ಬ್ರೇಕ್ ಹಬ್‌ನಲ್ಲಿ ಒಂದು ಡಿಗ್ರಿ ಆಟ (ಸಡಿಲ) ಇದ್ದರೆ ನಟ್ 14 ಮೈಕ್ರಾನ್ ಹಿಂದೆ ಬರುತ್ತದೆ. ಅಲ್ಲಿಗೆ ಬಲದಲ್ಲಿ 14 ಪ್ರತಿಶತ ಹೋಯಿತು. ಸಾಲದ್ದಕ್ಕೆ ಜಾಬ್ ಅಲ್ಯೂಮಿನಿಯಂನದು. ಮೀಟರಿಗೆ, ಡಿಗ್ರಿಗೆ 23 ಮೈಕ್ರಾನ್ ಹಿಗ್ಗಿ ಕುಗ್ಗುವ ಲೋಹ. 150 ಮಿ.ಮೀ. ಅಗಲದ ಜಾಬ್ ಕೂಲಂಟ್ ಬಿದ್ದು 10 ಡಿಗ್ರಿ ತಣ್ಣಗಾದರೆ 35 ಮೈಕ್ರಾನ್ ಕುಗ್ಗುತ್ತದೆ. ಬಲದ ಮೂರನೇ ಒಂದು ಭಾಗ ಸದ್ದಿಲ್ಲದೆ ಮಾಯ. ಮೋಟಾರು ಆನ್ ಇದ್ದರೆ ಅದು ಮತ್ತೆ ಒತ್ತಿ ಸರಿಮಾಡುತ್ತಿತ್ತು. ಲಾಕ್ ಮಾಡಿಬಿಟ್ಟ ಮೇಲೆ ಅದೂ ಇಲ್ಲ.

ಇದಕ್ಕೆ ನಟ್ ಮತ್ತು ದವಡೆಯ ನಡುವೆ ತಟ್ಟೆಯಾಕಾರದ ಡಿಸ್ಕ್ ಸ್ಪ್ರಿಂಗ್‌ಗಳ ಗುಚ್ಛ ಹಾಕಿದೆ. ಪೂರ್ತಿ ಬಲಕ್ಕೆ 2 ಮಿ.ಮೀ. ಅದುಮುವಂತೆ ಜೋಡಿಸಿದೆ. ಈಗ ಅದೇ 35 ಮೈಕ್ರಾನ್ ಹೋದರೆ ಬಲದಲ್ಲಿ 2 ಪ್ರತಿಶತವೂ ಕಡಿಮೆಯಾಗುವುದಿಲ್ಲ. ಒಂದು ಎಚ್ಚರ ಬೇಕು: ಸ್ಪ್ರಿಂಗ್ ಹಾಕಿದ ಮೇಲೆ ಕಟಿಂಗ್ ಬಲ ದವಡೆಯ ಕಡೆಗೆ ಬರಬಾರದು, ಗಟ್ಟಿ ಸ್ಟಾಪರ್ ಕಡೆಗೇ ಹೋಗಬೇಕು. ನಾನು ಅದಕ್ಕಾಗಿ ಟೂಲ್ ಪಾತ್‌ನ (ಕಟರ್ ಸಾಗುವ ದಾರಿಯ) ದಿಕ್ಕನ್ನೇ ತಿರುಗಿಸಿದೆ.

ಆಮೇಲೆ ಪ್ರೋಗ್ರಾಮ್. ಇದರ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯ ಇದೆ. ಕರೆಂಟ್ ಹೋದಾಗ ಏನು ಮಾಡಬೇಕು ಎಂದು ಯೋಚಿಸುವುದನ್ನೇ ಬಿಟ್ಟೆ. ಪ್ರತಿ ಜಾಬ್‌ಗೂ, ಹಿಡಿದ ಕೂಡಲೇ, ಮೋಟಾರಿನ ಶಕ್ತಿಯನ್ನು ನಾನೇ ತೆಗೆಯುತ್ತೇನೆ. ಮೊದಲು ಬ್ರೇಕ್ ಹಿಡಿಯಬೇಕು. ಸ್ವಲ್ಪ ಕಾಯಬೇಕು. ಆಮೇಲೆ ಮೋಟಾರಿನ ಬಲವನ್ನು ಮೆಲ್ಲಗೆ ಸೊನ್ನೆಗೆ ಇಳಿಸಬೇಕು. ಲೋಡ್ ಸೆಲ್ ಓದಿ ಬಲ ಸರಿ ಇದ್ದರೆ ಮಾತ್ರ ಸೈಕಲ್ ಸ್ಟಾರ್ಟ್ ಸಿಗುತ್ತದೆ. ಕಟಿಂಗ್ ನಡೆಯುವಾಗ ಮೋಟಾರು ಸತ್ತಂತೆಯೇ ಇರುತ್ತದೆ. ಆಗ ನಿಜವಾಗಿ ಕರೆಂಟ್ ಹೋದರೆ ಕ್ಲಾಂಪ್‌ನ ಮಟ್ಟಿಗೆ ಏನೂ ಬದಲಾಗುವುದೇ ಇಲ್ಲ. ಹಿಡಿತದಲ್ಲಿ ದೋಷ ಇದ್ದರೆ ಸ್ಪಿಂಡಲ್ ತಿರುಗುವ ಮೊದಲೇ ಗೊತ್ತಾಗುತ್ತದೆ. ಮೋಟಾರು ಬಿಸಿಯಾಗುವುದೂ ತಪ್ಪಿತು.

ಆ "ಸ್ವಲ್ಪ ಕಾಯುವ" ವಿಷಯದಲ್ಲಿ ಎರಡು ದಿನ ಕಳೆಯಿತು. 100 ಮಿಲಿಸೆಕೆಂಡ್ ಇಟ್ಟಿದ್ದೆ, ಆದರೂ ಕೆಲವು ಸಲ ಬ್ರೇಕ್ ಹಿಡಿಯುವ ಮೊದಲೇ ಮೋಟಾರು ಬಿಡುತ್ತಿತ್ತು. ನೋಡಿದರೆ, ಬ್ರೇಕ್ ಕಾಯಿಲ್‌ಗೆ ಅಡ್ಡವಾಗಿ ನಾನೇ ಹಾಕಿದ್ದ ಡಯೋಡ್. ಸ್ವಿಚ್ ಆಫ್ ಮಾಡಿದರೂ ಕಾಯಿಲ್‌ನ ಕರೆಂಟ್ ಅದರೊಳಗೇ ಸುತ್ತುತ್ತಾ ಇರುತ್ತದೆ, ಬ್ರೇಕ್ ತಡವಾಗಿ ಬೀಳುತ್ತದೆ. ಡಯೋಡ್ ತೆಗೆದು ವೇರಿಸ್ಟರ್ (ಆ ಕರೆಂಟನ್ನು ಬೇಗ ಇಳಿಸುವ ಭಾಗ) ಹಾಕಿದೆ, ಸರಿಹೋಯಿತು.

ಕರೆಂಟ್ ಹೋಗುವುದಕ್ಕಿಂತ ವಾಪಸ್ ಬರುವುದು ನನ್ನನ್ನು ಜಾಸ್ತಿ ಹೆದರಿಸಿತು. ಒಮ್ಮೆ ಪವರ್ ಬಂದ ಕೂಡಲೇ ಕ್ಲಾಂಪ್ ತನ್ನ ಹೋಮ್ ಜಾಗ (ಅಳತೆ ಶುರುಮಾಡುವ ಸ್ಥಾನ) ಹುಡುಕಲು ಹೊರಟು ದವಡೆ ತೆರೆದುಬಿಟ್ಟಿತು. ಪುಣ್ಯಕ್ಕೆ ಅದು ಟ್ರಯಲ್. ಈಗ ಆಬ್ಸಲ್ಯೂಟ್ ಎನ್‌ಕೋಡರ್ (ಕರೆಂಟ್ ಹೋದರೂ ಇದ್ದ ಜಾಗ ಮರೆಯದ ಸೆನ್ಸರ್) ಇದೆ, ಹೋಮ್ ಹುಡುಕುವ ಅಗತ್ಯವೇ ಇಲ್ಲ. ಸ್ಪಿಂಡಲ್ ಪೂರ್ತಿ ನಿಂತಿರಬೇಕು, ಆಪರೇಟರ್ ಅನ್‌ಕ್ಲಾಂಪ್ ಬಟನ್ ಒತ್ತಿ ಹಿಡಿಯಬೇಕು, ಆಗಲೇ ದವಡೆ ತೆರೆಯುವುದು. ಆಗಲೂ ಮೋಟಾರು ಭಾರ ಹೊತ್ತುಕೊಂಡ ಮೇಲೆಯೇ ಬ್ರೇಕ್ ಬಿಡುತ್ತದೆ.

ಕರೆಂಟ್ ಇಲ್ಲದೆಯೂ ಜಾಬ್ ಬಿಚ್ಚಬೇಕಾಗುತ್ತದೆ. ಸ್ಕ್ರೂ ತುದಿಯಲ್ಲಿ ಒಂದು ಷಡ್ಭುಜ ಇಟ್ಟಿದ್ದೇನೆ, ಬ್ರೇಕ್‌ಗೆ ಕೈ ಲಿವರ್ ಇದೆ. ಮೊದಲು ಸ್ಪ್ಯಾನರ್ ಹಾಕಿ ಗಟ್ಟಿಯಾಗಿ ಹಿಡಿದುಕೊಂಡು, ಆಮೇಲೆ ಲಿವರ್ ಎತ್ತಬೇಕು. ಇಲ್ಲದಿದ್ದರೆ ಸ್ಪ್ರಿಂಗ್‌ನಲ್ಲಿ ಕೂತ ಬಲ ಸ್ಕ್ರೂವನ್ನು ಗಿರ್ರನೆ ತಿರುಗಿಸಿಬಿಡುತ್ತದೆ. ಇದನ್ನು ಪ್ಯಾನೆಲ್ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ ಅಂಟಿಸಿದ್ದೇವೆ.

ಬ್ರೇಕ್ ಲೈನಿಂಗ್‌ಗೆ ಕೂಲಂಟ್ ತಗುಲಿದರೆ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೆ ಮುಚ್ಚಳ, ಸೀಲ್ ಎರಡೂ ಇವೆ. ಆದರೂ ತಿಂಗಳ ಮೊದಲ ಸೋಮವಾರ, ದವಡೆ ಖಾಲಿ ಇರುವಾಗ, ಅದೇ ಷಡ್ಭುಜಕ್ಕೆ ಟಾರ್ಕ್ ವ್ರೆಂಚ್ ಹಾಕಿ 8 ನ್ಯೂಟನ್ ಮೀಟರ್‌ಗೆ ತಿರುಗಿಸಿ ನೋಡುತ್ತೇವೆ. ಸ್ಕ್ರೂ ಅಲುಗಿದರೆ ಆ ದಿನ ಆ ಮೆಷಿನ್ ಓಡುವುದಿಲ್ಲ. ಈಗ ಈ ಪರೀಕ್ಷೆ ಮಾಡುವುದು ಅವತ್ತಿನ ಅದೇ ಆಪರೇಟರ್ ಹುಡುಗ.